ಚಿಗವ್ವ ಹತ್ತಿದರೆ ಜಾರುವ ಕ್ಲಚ್ಚು

ಈ ಕಥೆಯ ಟ್ರ್ಯಾಕ್ಟರು ಕೆಂಪು ಬಣ್ಣದ್ದು ಎಂದು ನನ್ನ ನೆನಪು. ಆ ವರ್ಷದ ದಿನಚರಿಯಲ್ಲಿ ನಾನೇ ಕೈಯಾರೆ ‘ನೀಲಿ’ ಎಂದು ಬರೆದಿದ್ದೇನೆ. ಅಂದಿನ ನಾನು, ಇಂದಿನ ನಾನು, ಇಬ್ಬರಲ್ಲಿ ಯಾರನ್ನು ನಂಬುವುದು? ಎಪ್ಪತ್ತರ ದಶಕ, ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದ ಕಾಲ, ಬರೆದದ್ದೆಲ್ಲ ಸತ್ಯ ಎಂದುಕೊಳ್ಳುವಷ್ಟು ಜಂಬ ಆಗ ಇತ್ತು. ಆದ್ದರಿಂದ ಬಣ್ಣ, ವಾರ, ಯಾರು ಮೊದಲು ನಕ್ಕರು ಇತ್ಯಾದಿಗಳಲ್ಲಿ ತಪ್ಪಿದ್ದರೆ ಇರಲಿ. ಒಂದು ಮಾತು ಮಾತ್ರ ಖಾತ್ರಿ: ಯಂಕಂಚಿಯ ನಮ್ಮ ಕಾಕಾ ಬದುಕಿನಲ್ಲಿ ಏನನ್ನೂ ಸಂಶಯದಿಂದ ನೋಡಿದವನಲ್ಲ, ಹೆಂಡತಿಯ ತೂಕವೊಂದನ್ನು ಬಿಟ್ಟು!

ನಾನು ರಜೆಗೆ ಊರಿಗೆ ಬಂದಿದ್ದಾಗ ಕಾಕಾ ತಾಳಿಕೋಟೆಯ ಕಡೆಯಿಂದ ಒಂದು ಹಳೆಯ ಟ್ರ್ಯಾಕ್ಟರು ಕೊಂಡು ತಂದ. ಅದು ನನಗಿಂತ ಹಿರಿಯದು. ಹೊಲದಲ್ಲಿ ದುಡಿಯುತ್ತಿತ್ತು, ಚೀಲ ಹೊರುತ್ತಿತ್ತು, ಕೆಸರಿಗೂ ಹೆದರುತ್ತಿರಲಿಲ್ಲ. ಆದರೆ ಕಾಕಾನ ಹೆಂಡತಿ, ನಮ್ಮ ಚಿಗವ್ವ, ಮಡ್‌ಗಾರ್ಡಿನ ಮೇಲೆ ಕುಳಿತಳೋ, ಊರ ಹೊರಗಿನ ಹಳ್ಳದ ಏರಿನಲ್ಲಿ ಕ್ಲಚ್ಚು ಜಾರಿತೆಂದೇ ತಿಳಿಯಬೇಕು. ಎಂಜಿನ್ನು ಒದರುವುದು, ಹೊಗೆ ಉಗುಳುವುದು, ಸುಟ್ಟ ವಾಸನೆ ಬರುವುದು. ಗಾಲಿ ಮಾತ್ರ ಮುಂದಕ್ಕೆ ಹೋಗದು. ಚಿಗವ್ವ ಕೆಳಗಿಳಿದಳೋ, ಸರಸರ ಏರು ಹತ್ತುವುದು!

ಚಿಗವ್ವನಿಗೆ ಇದರಲ್ಲಿ ನಗುವಂಥದ್ದೇನೂ ಕಂಡಿರಲಿಲ್ಲ. ಪಂಚಮಿ ಹತ್ತಿರ ಬಂದಿತ್ತು. ತವರು ಹೂವಿನ ಹಿಪ್ಪರಗಿ. ಅಲ್ಲಿಂದ ಬಂದು ಕರೆದೊಯ್ಯಲು ಅವಳಿಗೆ ಅಣ್ಣತಮ್ಮಂದಿರಿಲ್ಲ. ಕಾಕಾನೇ ಕರೆದುಕೊಂಡು ಹೋಗಬೇಕು. ಈ ಸಲ ಟ್ರ್ಯಾಕ್ಟರಿನಲ್ಲಿ ಬರುತ್ತೇನೆಂದು ಅವಳು ಹೇಳಿ ಕಳಿಸಿಯೂ ಆಗಿತ್ತು. ಅಷ್ಟರಲ್ಲಿ ನಮ್ಮ ಅಜ್ಜಿ ತೀರ್ಪು ಕೊಟ್ಟಳು: ಈ ಸೊಸೆ ಯಂತ್ರಕ್ಕೆ ಆಗಿಬರುವುದಿಲ್ಲ, ಇನ್ನು ಹತ್ತಿಸಕೂಡದು. ಓಣಿಯ ಹೆಂಗಸರೂ ಹೌದೆಂದರು. ಅಂದಿನಿಂದ ಚಿಗವ್ವ ರೊಟ್ಟಿ ಬಡಿಯುವ ಸದ್ದು ಮೂರು ಮನೆ ಆಚೆಗೆ ಕೇಳತೊಡಗಿತು.

ಕಾಕಾ ಅಜ್ಜಿಯ ಮಾತು ಒಪ್ಪಲಿಲ್ಲ. ಅವನು ವಿಜ್ಞಾನದ ಮನುಷ್ಯ! ಒನಕೆಯ ಒಂದು ತುದಿಯನ್ನು ಕ್ಲಚ್ಚಿನ ಡಬ್ಬಿಗೆ ಒತ್ತಿ, ಇನ್ನೊಂದಕ್ಕೆ ಕಿವಿ ಹಚ್ಚಿ, ಡಾಕ್ಟರರ ಹಾಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಏನು ಕೇಳಿಸಿತು ಎಂದರೆ ಎಣ್ಣೆ ಎನ್ನುತ್ತಿದ್ದ. ಎಣ್ಣೆ ಕೇಳಿಸುತ್ತದೆಯೇ? ಎಂ.ಎ. ಓದುವವಳು ನಾನು, ಬಾಯಿ ಮುಚ್ಚಿಕೊಂಡಿದ್ದೆ. ಒಳಗಿನ ತಟ್ಟೆಗೆ ಎಣ್ಣೆ ಸೋರಿ ಜಾರುತ್ತಿದೆ ಎಂಬುದು ಅವನ ವಾದ. ಎಣ್ಣೆಗೈಗೆ ಹಿಟ್ಟು ಸವರಿದರೆ ಜಾರುವುದು ನಿಲ್ಲುತ್ತದಲ್ಲ? ಅಡುಗೆಮನೆಯಿಂದ ಒಂದು ಬೊಗಸೆ ಜೋಳದ ಹಿಟ್ಟು ತಂದು ಡಬ್ಬಿಯ ಕಿಂಡಿಯೊಳಗೆ ತೂರಿದ. ಅಜ್ಜಿಯ ಕಣ್ಣು ತಪ್ಪಿಸಿ ಚಿಗವ್ವನನ್ನು ಹತ್ತಿಸಿಕೊಂಡು ಏರಿಗೆ ಹೋದ. ಕ್ಲಚ್ಚು ಜಾರಿತು. ಈ ಸಲ ಸುಟ್ಟ ವಾಸನೆಯ ಬದಲು ಹದವಾಗಿ ಬೆಂದ ರೊಟ್ಟಿಯ ಪರಿಮಳ ಬಂತು, ಅಷ್ಟೆ. ಊರ ನಾಯಿಗಳೆಲ್ಲ ಬೆನ್ನಿಗೆ!

ಎಣ್ಣೆಯಲ್ಲವೆಂದರೆ ಭಾರ. ಚಿಗವ್ವನನ್ನು ಕಾಳಿನ ತಕ್ಕಡಿಯಲ್ಲಿ ಕೂಡಿಸಿ, ಅವಳ ತೂಕಕ್ಕೆ ಸರಿಯಾಗಿ ಒಂದು ಜೋಳದ ಚೀಲ ಕಟ್ಟಿದ. (ತೂಕ ಎಷ್ಟೆಂದು ದಿನಚರಿಯಲ್ಲಿದೆ, ಇಲ್ಲಿ ಬರೆದರೆ ಚಿಗವ್ವ ನನ್ನನ್ನು ಮನೆಯೊಳಗೆ ಸೇರಿಸಳು.) ಚೀಲವನ್ನು ಮಡ್‌ಗಾರ್ಡಿಗೆ ಬಿಗಿದು ಮೇಲೆ ಅವಳ ಹಳೆಯ ಸೀರೆ ಹೊದಿಸಿದ. ಸೀರೆ ಯಾಕೆ? ಪ್ರಯೋಗದಲ್ಲಿ ಕೂದಲಷ್ಟೂ ವ್ಯತ್ಯಾಸ ಇರಬಾರದಂತೆ! ದಾರಿಯಲ್ಲಿ ಒಬ್ಬ ಮುದುಕ ಚೀಲಕ್ಕೆ ಕೈಮುಗಿದು, ತವರಿಗೆ ಹೊರಟಿರೇನು ಎಂದು ಕೇಳಿದನಂತೆ. ಚೀಲ ಏರು ಹತ್ತಿತು, ಇಳಿಯಿತು, ರಾಣಿಯ ಹಾಗೆ ತಿರುಗಿ ಬಂತು. ಕ್ಲಚ್ಚು ಒಮ್ಮೆಯೂ ಜಾರಲಿಲ್ಲ. ಆಮೇಲೆ ನನ್ನನ್ನು ಕೂಡಿಸಿ ಓಡಿಸಿದ, ಆಗಲೂ ಜಾರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಚಿಗವ್ವ ಚೀಲದ ಮೇಲಿನ ತನ್ನ ಸೀರೆಯನ್ನೇ ನೋಡಿದಳು.

“ಚೀಲಾನ ಕರ್ಕೊಂಡು ಹೋಗ್ರಿ ಪಂಚಮಿಗೆ. ನಮ್ಮವ್ವ ಅದಕ್ಕ ಉಂಡಿ ಕಟ್ಟಿ ಕೊಡ್ತಾಳ. ನಾ ಇನ್ನ ಹಿಪ್ಪರಗಿ ಹೆಸರ ಎತ್ತೂದಿಲ್ಲ.”

ಒಳಗೆ ಹೋಗಿ, ತವರಿಗೆಂದು ಕಟ್ಟಿಟ್ಟಿದ್ದ ಬಟ್ಟೆಯ ಗಂಟು ಬಿಚ್ಚಿಬಿಟ್ಟಳು.

ಕಾಕಾ ಅಂದು ಉಣ್ಣಲಿಲ್ಲ. ಮರುದಿನ ಸಿಂದಗಿಗೆ ಹೋಗಿ ವಯಸ್ಸಾದ ಮಿಸ್ತ್ರಿಯೊಬ್ಬನನ್ನು ಕರೆತಂದ. ಮಿಸ್ತ್ರಿ ಪಾನಾ ತೆಗೆಯಲಿಲ್ಲ, ಒಂದು ನಟ್ಟೂ ಬಿಚ್ಚಲಿಲ್ಲ. ಚಿಗವ್ವನನ್ನು ಹೇಗೋ ಒಪ್ಪಿಸಿ, ದಿನಾ ಕೂಡುವಲ್ಲಿ ಕೂಡವ್ವಾ ಎಂದು ಎಡಗಡೆ ಕೂಡಿಸಿದ. ತಾನು ಬಲಗಡೆ ಕುಳಿತ. ನಾನು ಹಿಂದೆ ನಡೆದೆ. ಏರು ಬಂತು, ಎಂಜಿನ್ನು ಒದರಿತು, ಗಾಲಿ ನಿಂತಿತು. ಮಿಸ್ತ್ರಿ ಎಂಜಿನ್ನಿನ ಕಡೆ ನೋಡಲೇ ಇಲ್ಲ.

“ಸಾವ್ಕಾರ್ರ, ಆ ಎಡಗಾಲ ಕ್ಲಚ್ಚಿನ ಮ್ಯಾಲಿಂದ ತಗೀರಿ.”

ಕಾಕಾ ಬಗ್ಗಿ, ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡಿದ. ಅರ್ಧ ಒತ್ತಿದ ಪೆಡಲಿನ ಮೇಲೆ ಅದು ಗಟ್ಟಿಯಾಗಿ ಕುಳಿತಿತ್ತು.

“ಹೆಂಗ ತಗೀಲಿ? ಅಕಿ ಕುಂತಾಳ.”

“ಕುಂತ್ರ ಏನಾತ್ರಿ?”

“ಮೊದಲ್ನೇ ದಿನಾ ಜರ್ಕ್ ಹೊಡದಾಗ ಅಕಿ ಕೈ ಜಾರಿತ್ತು. ದೊಡ್ಡ ಗಾಲಿ ಒಂದ ಗೇಣ ದೂರ ಇತ್ತು, ಮಿಸ್ತ್ರಿ. ಮತ್ತ ಜಾರಿದ್ರ ಗಾಡಿ ನಿಲ್ಲಸಾಕ ತಡಾ ಆಗಬಾರ್ದಲ್ಲ.”

ಸದಾ ಅರ್ಧ ಒತ್ತಿಟ್ಟ ಕ್ಲಚ್ಚು ಜಾರದೆ ಏನು ಮಾಡೀತು? ಚೀಲ ಬಿದ್ದರೆ ಎತ್ತಿ ಮತ್ತೆ ಕಟ್ಟಬಹುದು. ಅದಕ್ಕಾಗಿ ಯಾರೂ ಕಾಲು ಸಜ್ಜಾಗಿಟ್ಟುಕೊಳ್ಳುವುದಿಲ್ಲ. ನಾನು ಕುಳಿತಾಗಲೂ ಕ್ಲಚ್ಚು ಜಾರಿರಲಿಲ್ಲ ಎಂಬುದರ ಅರ್ಥ ಹೊಳೆದು ನನಗೆ ತುಸು ಬೇಸರವಾದದ್ದೂ ದಿನಚರಿಯಲ್ಲಿದೆ!

ಚಿಗವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಒಂದು ಕೈಯಿಂದ ಮಡ್‌ಗಾರ್ಡಿನ ಕಂಬಿಯನ್ನೂ ಇನ್ನೊಂದರಿಂದ, ಹಾಡಹಗಲು, ಪರಗಂಡಸಿನೆದುರು, ಕಾಕಾನ ಹೆಗಲನ್ನೂ ಹಿಡಿದಳು.

“ಹಿಡ್ಕೊಂಡೇನಿ. ತಗೀರಿ,” ಅಂದಳು.

ಅವನು ತೆಗೆದ. ಟ್ರ್ಯಾಕ್ಟರು ಏರು ಹತ್ತಿತು. ಪಂಚಮಿಗೆ ಇಬ್ಬರೂ ಹಿಪ್ಪರಗಿಗೆ ಹಾಗೆಯೇ ಹೋದರು.

ಕಾಕಾ ಈಗ ಇಲ್ಲ. ಹೋದ ಸಲ ಊರಿಗೆ ಹೋದಾಗ ಬತ್ತಿ ಹೊಸೆಯುತ್ತಿದ್ದ ಚಿಗವ್ವನ ಪಕ್ಕದಲ್ಲಿ ಕುಳಿತು ಒಂದು ಮಾತು ಕೇಳಿದೆ. ಅವಳು ತಲೆ ಎತ್ತಲಿಲ್ಲ, ಹೊಸೆಯುವುದನ್ನೂ ನಿಲ್ಲಿಸಲಿಲ್ಲ.

“ಚಿಗವ್ವಾ, ಅಜ್ಜಿ ಅಷ್ಟೆಲ್ಲಾ ಅಂದ್ರೂ ನೀ ಸುಮ್ನಿದ್ದಿ. ಎಡಗಡೀನ ಕೂಡ್ತಿದ್ದಿ. ಕಾಕಾನ ಆ ಕಾಲು ನಿನಗ ಕಾಣ್ತಿರಲಿಲ್ಲೇನು?”