ಮೂರನೆಯ ಒತ್ತಾಯ

ಮದಾರಸಾಬನ ಹೊಟ್ಟೆಗೂ ಅನ್ನಕ್ಕೂ ನಡುವೆ ಜನ್ಮಪೂರ್ತಿ ಅಡ್ಡ ನಿಂತದ್ದು ಒಂದೇ ಮಾತು. ಮನೆಯೊಳಗೆ ದಖನಿಯಲ್ಲಿ ‘ನಕ್ಕೋ’ ಅನ್ನುತ್ತಿದ್ದ, ಮರಾಠರ ಮನೆಗೆ ಹೋದರೆ ‘ನಕೋ’, ಉಳಿದ ಕಡೆಯೆಲ್ಲ ‘ಬ್ಯಾಡ್ರಿ’. ಹಸಿವಿರಲಿಲ್ಲವೆಂದಲ್ಲ. ಅವನಷ್ಟು ಹಸಿಯುವ ಮನುಷ್ಯ ಬೆಳಗಾವಿಯ ಆಟೋ ನಗರದಲ್ಲಿ ಇನ್ನೊಬ್ಬ ಇರಲಿಲ್ಲ. ಆದರೆ ಮರ್ಯಾದಸ್ತ ಮನುಷ್ಯ ಕರೆದ ಕೂಡಲೇ ತಾಟಿನ ಮುಂದೆ ಕೂರಬಾರದು ಎಂಬುದು ಅವನ ತಂದೆಯ ಕಾಲದಿಂದ ಬಂದ ಕಾಯಿದೆ. ಮೊದಲ ಸಲ ಕೇಳಿದರೆ ಬ್ಯಾಡ ಅನ್ನಬೇಕು. ಎರಡನೆಯ ಸಲಕ್ಕೆ ಹೊಟ್ಟೆ ಸವರಿಕೊಂಡು ‘ಈಗಷ್ಟ ಉಂಡ ಬಂದೀನ್ರಿ’ ಅನ್ನಬೇಕು. ಮೂರನೆಯ ಸಲ ಕೈಹಿಡಿದು ಎಳೆದಾಗ ‘ನೀವು ಬಿಡೂದಿಲ್ಲ ಬಿಡ್ರಿ’ ಎಂದು ನಿಟ್ಟುಸಿರಿಟ್ಟು ಚಪ್ಪಲಿ ಕಳಚಬೇಕು. ಮದಾರಸಾಬ ಈ ಮೂರು ಮೆಟ್ಟಿಲನ್ನು ಹತ್ತದೆ ಯಾರ ಮನೆಯ ನೀರನ್ನೂ ಕುಡಿದವನಲ್ಲ, ಮತ್ತು ಅದರ ಬಗ್ಗೆ ಅವನಿಗೆ ಇದ್ದ ಹೆಮ್ಮೆ ಅವನ ಮೀಸೆಗಿಂತ ದಪ್ಪವಾಗಿತ್ತು.

ಎಂಬತ್ಮೂರನೆಯ ಇಸವಿಯ ಮಾತು. ಪಕ್ಕದ ಶೆಡ್ಡಿನಲ್ಲಿ ಲಾರಿಗಳಿಗೆ ಬಣ್ಣ ಬಳಿಯುವ ದಸ್ತಗೀರಸಾಬ ಸಮುದ್ರದ ಕಡೆ ಹೋಗಿ ಬಂದವನು ಒಂದು ಖಾನಾವಳಿಯ ಸುದ್ದಿ ತಂದಿದ್ದ. ಕಾರವಾರದಿಂದಲೂ ಆಚೆ, ರಸ್ತೆ ಮುಗಿದು ಮರಳು ಶುರುವಾಗುವಲ್ಲಿ ಒಂದು ಮೀನುಗಾರರ ಹಳ್ಳಿ. ಅಲ್ಲಿ ಒಬ್ಬ ಹೆಂಗಸು ತೆಂಗಿನ ಗರಿಯ ಚಪ್ಪರದಡಿ ಬಂಗಡೆ ಮೀನಿನ ಊಟ ಹಾಕುತ್ತಾಳೆ. ಎಷ್ಟು ಉಂಡರೂ ಒಂದೇ ದರ, ಅದೂ ಬೆಳಗಾವಿಯ ಚಹಾ-ಭಜಿಯ ದರ.

“ಹೊಟ್ಟಿ ಬಿರಿಯೂಹಂಗ ಉಂಡ ಬಂದೀನಿ!” ಎಂದಿದ್ದ ದಸ್ತಗೀರಸಾಬ.

“ಬಂಗಡಿ ರುಚಿ ಹೆಂಗಿತ್ತು?” ಎಂದು ಮದಾರಸಾಬ ಕೇಳಿದಾಗ ಅವನು ಬಣ್ಣದ ಡಬ್ಬಿ ಕಲಕುತ್ತ ಮುಖ ತಿರುಗಿಸಿ, “ಅದನ್ನ ಬಾಯಿಲೆ ಹೇಳಾಕ ಬರೂದಿಲ್ಲ. ನೀನ ಹೋಗಿ ನೋಡು” ಎಂದುಬಿಟ್ಟ. ಅಂದಿನಿಂದ ಮದಾರಸಾಬನಿಗೆ ಕನಸಿನಲ್ಲೂ ಬಂಗಡೆ.

ಹೀಗಿರುವಾಗ ಅಕ್ಕಿ ವ್ಯಾಪಾರಿ ಜಿನಪಾಲನ ಲಾರಿ ಅದೇ ಹಳ್ಳಿಯ ಮದುವೆ ಮನೆಗೆ ಖಾನಾಪುರದ ಅಕ್ಕಿ ಹೇರಿಕೊಂಡು ಹೊರಟಿತು. ಲಾರಿಯ ಇಂಜಿನ್ ಆಗಾಗ ಮುನಿಸಿಕೊಳ್ಳುತ್ತಿದ್ದುದರಿಂದ ಮಿಸ್ತ್ರಿ ಮದಾರಸಾಬ ಜೊತೆಗಿರಲೇಬೇಕಾಯಿತು. ಬೆಳಗಿನ ಜಾವ ಹೆಂಡತಿ ಅಮೀನಾಬೀ ರೊಟ್ಟಿ ತಂದಿಟ್ಟು ತಿನ್ನಿ ಅಂದಳು. ನಕ್ಕೋ ಅಂದ. ಮತ್ತೆ ಅಂದಳು. ಮತ್ತೆ ನಕ್ಕೋ. ಮೂರನೆಯ ಸಲಕ್ಕೆ ಅವಳು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಡ್ರೈವರ್ ಮಜೀದ ಹಾರ್ನ್ ಬಾರಿಸಿದ. ಮದಾರಸಾಬ ಖಾಲಿ ಹೊಟ್ಟೆಯಲ್ಲಿ ಲಾರಿ ಹತ್ತಿದ. ಹೋಗಲಿ, ಬಂಗಡೆಗೆ ಜಾಗ ಉಳಿಯಿತು ಎಂದುಕೊಂಡ.

ದೇಸೂರಿನ ರೈಲ್ವೆ ಗೇಟು ಹಾಕಿತ್ತು. ಕಾಯುತ್ತ ಕುಳಿತಾಗ ಮದಾರಸಾಬನಿಗೆ ಮಾತು ಬಂತು.

“ಮರ್ಯಾದಿ ಅಂದ್ರ ಈ ದೇಸೂರ ಮಂದೀದು ನೋಡ್ರಿ. ಒಂದ ಕಪ್ ಚಹಾ ಕುಡೀಬೇಕಂದ್ರ ಅವ್ರು ಅರ್ಧಾ ತಾಸು ಒತ್ತಾಯ ಮಾಡಬೇಕು, ನಾವು ಅರ್ಧಾ ತಾಸು ಒಲ್ಲೆ ಅನ್ನಬೇಕು. ಚಹಾ ಆರಿ ನೀರಾಗಿರ್ತೈತಿ, ಆದ್ರ ಏನ್ ಗತ್ತು!”

ಮಜೀದ ಮಿರಜಿನವನು, ಬಾಯಿಗೆ ಬಾಗಿಲಿಲ್ಲದವನು. “ಚಾಚಾ, ಅಲ್ಲಿ ಸಮುದ್ರದ ಕಡೆ ಹಂಗೆಲ್ಲ ಇಲ್ರಿ. ಬಾಯಿಬಿಟ್ಟ ಕೇಳಿದವ್ರಿಗೆ ಅನ್ನ. ನೀವೂ ಕೇಳಾಕ ಬೇಕಾಗ್ತೈತಿ” ಎಂದ.

“ನಾನಾ? ಬಾಯಿಬಿಟ್ಟ ನೀಡ್ರಿ ಅಂತ ಕೇಳೂದಾ?” ಮದಾರಸಾಬ ಮೀಸೆಯ ಮೇಲೆ ಕೈಯಿಟ್ಟ. “ಜಿನಪಾಲಣ್ಣಾರ, ನೀವ ಸಾಕ್ಷಿ. ಮದಾರಸಾಬ ಇವತ್ತ ಅನ್ನ ಕೇಳಿದಾ ಅಂದ್ರ ನಾಳೆ ಈ ಮೀಸಿ ಇರೂದಿಲ್ಲ.”

“ಆತ್ರಿ, ನಾ ಸಾಕ್ಷಿ” ಎಂದ ಜಿನಪಾಲ. ಗೇಟು ತೆರೆಯಿತು.

ಖಾನಾಪುರ, ಲೋಂಡಾ ದಾಟಿ ಕಾಡಿನ ಘಟ್ಟದ ತುದಿಯಲ್ಲಿ ಲಾರಿ ನಿಂತಾಗ ಜಿನಪಾಲ ತನ್ನ ಬುತ್ತಿ ಬಿಚ್ಚಿದ. ಅವನು ಹೊರಗಿನ ಅನ್ನ ಮುಟ್ಟುವವನಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. “ಬರ್ರಿ ಮದಾರಸಾಬ, ಕುಂದರ್ರಿ” ಎಂದ. ಬ್ಯಾಡ್ರಿ. “ಅಯ್ಯ, ಒಂದ ರೊಟ್ಟಿ.” ಈಗ ಉಂಡೀನ್ರಿ. ಜಿನಪಾಲನೂ ಬೆಳಗಾವಿಯವನೇ. ಮೂರನೆಯ ಒತ್ತಾಯಕ್ಕೆ ರೊಟ್ಟಿಯನ್ನು ಕೈಗೆತ್ತಿಕೊಂಡೂ ಇದ್ದ. ಅಷ್ಟರಲ್ಲಿ ಇಂಜಿನ್ನಿನಿಂದ ಭುಸ್ಸೆಂದು ಹೊಗೆ ಎದ್ದಿತು. ಮದಾರಸಾಬ ಓಡಿಹೋಗಿ ಅದಕ್ಕೆ ನೀರು ಕುಡಿಸಿ ಸಮಾಧಾನ ಮಾಡಿ ಬರುವಷ್ಟರಲ್ಲಿ ಆ ರೊಟ್ಟಿ ಮಜೀದನ ಬಾಯಲ್ಲಿತ್ತು.

ಮಧ್ಯಾಹ್ನ ಹಳ್ಳಿ ಮುಟ್ಟಿ, ಜಿನಪಾಲ ಮದುವೆ ಮನೆಯಲ್ಲಿ ಅಕ್ಕಿ ಇಳಿಸುತ್ತ ನಿಂತ. ಮದಾರಸಾಬ ಮತ್ತು ಮಜೀದ ಖಾನಾವಳಿಗೆ ಬಂದರು. ಬೋರ್ಡಿಲ್ಲ, ಹೆಸರಿಲ್ಲ. ಎರಡು ಬೆಂಚು, ಒಂದು ಒಲೆ, ಹಿಂದೆ ಸಮುದ್ರ. ಎಣ್ಣೆಯಲ್ಲಿ ಬಂಗಡೆ ಚೊಂಯ್ ಅನ್ನುವ ಸದ್ದಿಗೆ ಮದಾರಸಾಬನ ಕಣ್ಣಲ್ಲೇ ನೀರು ಬಂತು. ಸೊಂಟಕ್ಕೆ ಸೆರಗು ಸಿಕ್ಕಿಸಿದ ನಡುವಯಸ್ಸಿನ ಹೆಂಗಸೊಬ್ಬಳು, ಊರವರೆಲ್ಲ ಅಕ್ಕ ಎಂದು ಕರೆಯುವವಳು, ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಘಟ್ಟದ ಮೇಲಿನವರಾ? ಬೆಳಗಾವಿಯಾ?”

“ಹೌದ್ರಿ, ಬೆಳಗಾವಿ” ಎಂದು ಮದಾರಸಾಬ ಎದೆ ಮುಂದೆ ಮಾಡಿದ.

ಅವಳು ಒಳಗೆ ತಿರುಗಿ ಕೂಗಿದಳು: “ಬೆಳಗಾವಿಯವರು ಬಂದಾರೆ. ಇನ್ನು ಅಕ್ಕಿ ಹಾಕೂದು ಬೇಡ!”

ಮದಾರಸಾಬನಿಗೆ ಹೆಮ್ಮೆಯಿಂದ ಮೈ ಬೆಚ್ಚಗಾಯಿತು. “ನೋಡಿದೇನ? ನಮ್ಮ ಮಂದಿ ಹೊಟ್ಟಿಬಾಕ ಅಲ್ಲ ಅನ್ನೂದು ಇಲ್ಲೀಮಟಾ ಗೊತ್ತೈತಿ” ಎಂದು ಮಜೀದನ ಕಿವಿಯಲ್ಲಿ ಹೇಳಿದ.

ಅಕ್ಕ ಒಂದು ಸೌಟು ಅನ್ನ ಹಾಕಿ, ಇನ್ನೊಂದಕ್ಕೆ ಕೈ ಎತ್ತಿ, “ಹಾಕ್ಲಾ?” ಎಂದಳು. ಮದಾರಸಾಬ ಪದ್ಧತಿಯಂತೆ ಎರಡೂ ಕೈ ತಾಟಿಗೆ ಅಡ್ಡ ಹಿಡಿದು, “ಸಾಕ್ರಿ ಸಾಕ್ರಿ” ಎಂದ. ಬೆಳಗಾವಿಯಲ್ಲಾಗಿದ್ದರೆ ಬೆರಳ ಸಂದಿಯಲ್ಲೇ ಅನ್ನ ಸುರಿದಿರುತ್ತಿದ್ದರು. ಇಲ್ಲಿ ಸೌಟು ಸೀದಾ ಮಜೀದನ ತಾಟಿಗೆ ಹೋಯಿತು. ಮೀನಿನ ಸಾರು ಬಂತು. “ಸಾರು?” “ಬ್ಯಾಡ್ರಿ.” ಮಜೀದನಿಗೆ ಎರಡು ಸೌಟು. ಕೊನೆಗೆ ಅಂಗೈಯಗಲದ ಬಂಗಡೆ, ಕೆಂಪಗೆ ಹುರಿದದ್ದು, ಅವನ ಮೂಗಿನ ಮುಂದೆಯೇ ಬಂದು ನಿಂತಿತು.

“ಬಂಗಡೆ?”

ಮದಾರಸಾಬನ ಹೊಟ್ಟೆ ಒಳಗಿನಿಂದ ಹೂಂ ಅಂದಿತು. ನಾಲಿಗೆ ಮಾತ್ರ ತಂದೆಯ ಮಾತು ಮೀರಲಿಲ್ಲ. “ಅಯ್ಯ, ಬ್ಯಾಡ್ರಿ.”

ಬಂಗಡೆ ಹಾರಿ ಮಜೀದನ ತಾಟಿಗೆ ಬಿತ್ತು. ಅವನು ಅದರ ತಲೆಯನ್ನೂ ಬಿಡಲಿಲ್ಲ.

ಕೇಳುವ ಹಾಗಿಲ್ಲ. ಹಾಗಾದರೆ ತಿಳಿಸುವುದು ಹೇಗೆ? ಮದಾರಸಾಬ ತಾಟನ್ನು ಸ್ವಲ್ಪ ಮುಂದೆ ಸರಿಸಿದ. ಅಕ್ಕ ಅದನ್ನು ಎತ್ತಿ ಕೆಳಗೆ ಒರೆಸಿ ಅಲ್ಲೇ ಇಟ್ಟಳು. “ವಾಸನಿ ಭಾರಿ ಐತ್ರಿ” ಎಂದ. “ಹೌದು” ಎಂದಳು. ಕಡೆಗೆ ಊರಿನ ಮರ್ಯಾದಸ್ತರು ಬಳಸುವ ದೊಡ್ಡ ಉಪಾಯ ತೆಗೆದ: “ನಮ್ಮ ಡ್ರೈವರಗ ನೀಡ್ರಿ ಪಾಪ, ಹಸದಾನ.” ಬೆಳಗಾವಿಯಲ್ಲಿ ಹೀಗಂದರೆ ‘ಅವರಿಗಷ್ಟ ಯಾಕ್ರಿ, ನೀವೂ ತಗೋರಿ’ ಎಂದು ಇಬ್ಬರಿಗೂ ಬೀಳುತ್ತದೆ. ಇಲ್ಲಿ ಮಜೀದನಿಗೆ ಇನ್ನೊಂದು ಬಂಗಡೆ ಬಿತ್ತು.

ಮಜೀದನಿಗೇ ಕನಿಕರ ಬಂದು, “ನಮ್ಮ ಚಾಚಾಗೂ ಒಂದ ಹಾಕ್ರಿ” ಎಂದ. ಅಕ್ಕ ಮದಾರಸಾಬನ ಕಣ್ಣಲ್ಲಿ ಕಣ್ಣಿಟ್ಟು, “ಬೇಕಾ?” ಎಂದಳು. ಇಷ್ಟು ಬತ್ತಲೆಯಾದ ಪ್ರಶ್ನೆಯನ್ನು ಅವನಿಗೆ ಈವರೆಗೆ ಯಾರೂ ಕೇಳಿರಲಿಲ್ಲ. “ಛೇ ಛೇ, ಎಲ್ಲಿ ಸೇರ್ತೈತ್ರಿ!” ಎಂದು ನಕ್ಕ. ನಗುವಿನ ಕೊನೆಗೆ ಹೊಟ್ಟೆ ಗುರ್ರೆಂದಿತು.

ಎದುರು ಬೆಂಚಿನಲ್ಲಿ ಉಣ್ಣುತ್ತಿದ್ದ ಮುದುಕ ಮೀನುಗಾರ ಆ ಸದ್ದು ಕೇಳಿದ. “ಅಕ್ಕಾ, ಇವರ ಹೊಟ್ಟೆ ಕೆಟ್ಟಿದೆ. ಏನೂ ಸೇರೂದಿಲ್ಲ. ಘಟ್ಟ ಇಳಿದವರಿಗೆ ಹೀಗೇ ಆಗ್ತದೆ. ಒಂದು ಲೋಟ ಓಮದ ಕಷಾಯ ಕೊಡು” ಎಂದ. ಪಕ್ಕದವರೆಲ್ಲ ಹೌದೌದೆಂದರು. ಕಪ್ಪಗೆ ಹೊಗೆಯಾಡುವ ಲೋಟ ಬಂತು.

“ಬ್ಯಾಡ್ರಿ” ಎಂದ ಮದಾರಸಾಬ.

“ಕುಡೀರಿ, ಒಳ್ಳೇದು.”

“ಖರೇನ ಬ್ಯಾಡ್ರೀ!”

“ಬಿಡೂದಿಲ್ಲ, ಕುಡೀಲೇಬೇಕು” ಎಂದು ಮುದುಕ ಒಂದು ಕೈಯಿಂದ ಅವನ ಭುಜ ಹಿಡಿದು ಇನ್ನೊಂದರಿಂದ ಲೋಟವನ್ನು ಬಾಯಿಗೇ ಹಚ್ಚಿದ. ಬೆಳಗಿನಿಂದ ಕಾದಿದ್ದ ಮೂರನೆಯ ಒತ್ತಾಯ ಕೊನೆಗೂ ಬಂತು, ಕಷಾಯದ ರೂಪದಲ್ಲಿ. ಕಹಿ ಗಂಟಲಿಳಿಯಿತು. ಹೊಟ್ಟೆ ಕೆಟ್ಟವರಿಗೆ ಹಸಿವು ಹುಟ್ಟಿಸುವ ಕಷಾಯ ಅದು; ಹಸಿದವನ ಹೊಟ್ಟೆಯಲ್ಲಿ ಅದು ಮಾಡಬಾರದ್ದೆಲ್ಲ ಮಾಡಿತು. ಅವನಿಗೆ ಬೆಂಚೂ ಬಂಗಡೆಯಂತೆ ಕಾಣತೊಡಗಿತು.

ಮಜೀದ ತೇಗಿ, ಲಾರಿಯ ಕಡೆ ಹೋದ. ಊರವರೂ ಎದ್ದರು. ಚಪ್ಪರದಡಿ ಮದಾರಸಾಬ ಒಬ್ಬನೇ. ಅತ್ತ ನೋಡಿದ, ಇತ್ತ ನೋಡಿದ. ಒಂದು ಕೈಯಿಂದ ಮೀಸೆ ಮುಚ್ಚಿಕೊಂಡು ಅಡಿಗೆಮನೆಯ ಬಾಗಿಲಿಗೆ ಹೋಗಿ, ಕಳ್ಳತನಕ್ಕೆ ಬಂದವನ ದನಿಯಲ್ಲಿ ಅಂದ:

“ಅಕ್ಕಾರ… ಒಂದೀಟ ನೀಡ್ರಿ.”

ಅಕ್ಕ ತಿರುಗಿದಳು. ಆಮೇಲೆ ನಕ್ಕಳು ನೋಡಿ, ನಕ್ಕೂ ನಕ್ಕೂ ಕಂಬ ಹಿಡಿದು ಕುಳಿತಳು.

“ಅಯ್ಯ ನನ್ನಪ್ಪಾ! ಸೋತ್ರಲ್ರೀ ಅಣ್ಣಾರ! ಇಷ್ಟ ವರ್ಷದಾಗ ಬೆಳಗಾವಿಯಾವ್ರು ಒಬ್ಬರೂ ಬಾಯಿಬಿಟ್ಟ ಕೇಳಿದ್ದಿಲ್ಲ!”

ಮದಾರಸಾಬ ಕಣ್ಣು ಕಣ್ಣು ಬಿಟ್ಟ. “ನೀವು… ನಮ್ಮ ಕಡೆ ಮಾತು…”

“ನಾನು ದೇಸೂರ ಭರಮವ್ವರೀ. ಟೇಶನ್ ಹಿಂದ ನಮ್ಮ ತವರಮನಿ. ಇಲ್ಲಿಗೆ ಲಗ್ನಾಗಿ ಬಂದಾಗ ನಮ್ಮತ್ತಿ ಒಂದ ಸಲ ಉಣ್ತೀಯಾ ಅನ್ನಾಕಿ. ನಾ ಬ್ಯಾಡ ಅನ್ನಾಕಿ. ಆಕಿ ಗಡಿಗಿ ಮುಚ್ಚಿಬಿಡಾಕಿ. ಉಪಾಸ ಬಿದ್ದ ಬಿದ್ದ ಕಡ್ಡಿ ಆಗಿದ್ನಿ. ಆಮ್ಯಾಲ ಈ ಖಾನಾವಳಿ ತಗದಾಗ ತಿಳೀತ ನೋಡ್ರಿ. ಇಷ್ಟ ಸಸ್ತಾದಾಗ ಈ ಬಡ ಮೀನಗಾರರಿಗೆ ಹೊಟ್ಟಿತುಂಬ ಹೆಂಗ ಹಾಕ್ತೀಯವ್ವಾ ಅಂತ ಎಲ್ಲಾರೂ ಕೇಳ್ತಾರ. ಇವ್ರು ಉಣ್ತಾರ, ನೀವು ಪೂರಾ ರೊಕ್ಕ ಕೊಟ್ಟ ಬ್ಯಾಡ ಅಂತೀರಿ. ಹಂಗ ತೂಗಿ ನಡದೈತಿ. ಬೆಳಗಾವಿ ಲಾರಿ ಬಂದ ದಿನ ನನಗ ಹಬ್ಬ!”

ನಾಚಿಕೆಯಿಂದ ನೆಲಕ್ಕಿಳಿಯಬೇಕಾಗಿದ್ದ ಮದಾರಸಾಬನಿಗೆ, ವಿಚಿತ್ರ ನೋಡಿ, ಎದೆಯುಬ್ಬಿತು. ನಮ್ಮ ದೇಸೂರ ಹೆಣ್ಣುಮಗಳು! ರಸ್ತೆ ಮುಗಿಯುವ ಈ ಊರಿಗೆ ಬಂದು, ನಮ್ಮೂರ ಮರ್ಯಾದೆಯನ್ನೇ ಬಂಡವಾಳ ಹೂಡಿ, ಒಂದು ಹಳ್ಳಿಗೆ ಹಳ್ಳಿಯನ್ನೇ ಉಣಿಸುತ್ತಿದ್ದಾಳೆ. “ಶಾಭಾಸ್, ತಂಗಿ!” ಎಂದ ಮನಸಾರೆ. ಆಮೇಲೆ ಮೆಲ್ಲಗೆ, “ಮತ್ತ… ಆ ಬಂಗಡಿ?” ಎಂದ.

ಭರಮವ್ವ ಮೂಲೆಗೆ ಬೆರಳು ತೋರಿಸಿದಳು. ಗಡಿಗೆ, ಬಾಣಲೆ ಎಲ್ಲ ತೊಳೆದು ಬೋರಲು ಹಾಕಿತ್ತು. “ಬೆಳಗಾವಿಯಾವ್ರು ಬಂದಾರ ಅಂತ ಅಕ್ಕಿ ಹಾಕಲಿಲ್ಲ ಅಣ್ಣಾ. ನೀವು ಕೇಳ್ತೀರಿ ಅಂತ ಯಾರಿಗೆ ಗೊತ್ತಿತ್ರಿ?”

ಕೇಳಿದ್ದೂ ಆಯಿತು, ಸಿಗದೇ ಇದ್ದದ್ದೂ ಆಯಿತು. ಉಳಿದದ್ದು ಮೀಸೆಯೊಂದೇ. ಮದಾರಸಾಬ ಕೈಮುಗಿದ: “ಕೇಳಿದ್ದು ಯಾರ ಮುಂದೂ ಹೇಳಬ್ಯಾಡ ತಂಗಿ.”

“ನಾ ಹೇಳೂದಿಲ್ಲ. ನೀವೂ ನನ್ನ ಗುಟ್ಟ ಹೇಳಬ್ಯಾಡ್ರಿ. ಊರಿಗ್ಹೋಗಿ ಹೊಟ್ಟಿ ಬಿರಿಯೂಹಂಗ ಉಂಡೀನಿ ಅನ್ರಿ, ಸಾಕು.”

ಹೊಟ್ಟಿ ಬಿರಿಯೂಹಂಗ! ಈ ಮಾತನ್ನು ಎಲ್ಲಿ ಕೇಳಿದ್ದೆನೆಂದು ಮದಾರಸಾಬ ದಾರಿಯುದ್ದಕ್ಕೂ ಯೋಚಿಸಿದ. ಖಾನಾಪುರ ದಾಟುವಾಗ ಹೊಳೆಯಿತು. ಬಂಗಡೆಯ ರುಚಿ ಕೇಳಿದಾಗ ಮುಖ ತಿರುಗಿಸಿ ಬಣ್ಣ ಕಲಕಿದ್ದ ದಸ್ತಗೀರಸಾಬ ಕಣ್ಣ ಮುಂದೆ ಬಂದ. ಅವನೂ ಬಂಗಡೆ ತಿಂದಿರಲಿಲ್ಲ! ಹಸಿದ ಹೊಟ್ಟೆಯಲ್ಲೇ ಮದಾರಸಾಬ ಒಬ್ಬನೇ ನಕ್ಕ.

“ಮೀಸಿ ಉಳಸಿಕೊಂಡ್ರಿ ನೋಡ್ರಿ” ಎಂದ ಜಿನಪಾಲ ಮೆಚ್ಚುಗೆಯಿಂದ. ಮದಾರಸಾಬ ಮೀಸೆ ತಿರುವಿದ.

ರಾತ್ರಿ ಊಟದ ಹೊತ್ತಿಗೆ ಮನೆ ಮುಟ್ಟಿದಾಗ ಅಂಗಳದಲ್ಲೇ ಮಟನ್ ಸಾರಿನ ಘಮ. ಗಂಡ ದೂರದಿಂದ ಬರುತ್ತಾನೆಂದು ಅಮೀನಾಬೀ ಮಾಡಿಟ್ಟಿದ್ದಳು. ಕಟ್ಟೆಯ ಮೇಲೆ ದಸ್ತಗೀರಸಾಬ ಸುದ್ದಿಗೆ ಕಾದು ಕುಳಿತಿದ್ದ.

“ಹೆಂಗಿತ್ತಪಾ ಊಟ?” ಎಂದ, ಇವನ ಕಣ್ಣು ತಪ್ಪಿಸುತ್ತ.

ಬಾಗಿಲಲ್ಲಿ ಹೆಂಡತಿ, ಲಾರಿಯಲ್ಲಿ ಮಜೀದ, ಪಕ್ಕದಲ್ಲಿ ಸಾಕ್ಷಿ ಜಿನಪಾಲ. ಮದಾರಸಾಬ ತಂಗಿಗೆ ಕೊಟ್ಟ ಮಾತು ಉಳಿಸಿಕೊಂಡ. “ಏನ್ ಹೇಳ್ಲಿ! ಹೊಟ್ಟಿ ಬಿರಿಯೂಹಂಗ ಉಂಡ ಬಂದೀನಿ. ಇನ್ನ ಎರಡ ದಿನ ಅನ್ನದ ಹೆಸರ ಬ್ಯಾಡ!”

“ಹಂಗಾದ್ರ ನಿಮಗ ಇವತ್ತ ಊಟ ಇಲ್ಲ” ಎಂದಳು ಅಮೀನಾಬೀ. “ಮಾಡಿದ್ದು ಯಾಕ ಕೆಡಬೇಕು? ದಸ್ತಗೀರಭಾಯಿ, ಬರ್ರಿ, ನೀವ ಉಣ್ಣರಿ.”

“ಬ್ಯಾಡ ಭಾಬಿ” ಎಂದ ದಸ್ತಗೀರಸಾಬ.

“ಬರ್ರಿ ಅಂದ್ರ.”

“ಈಗಷ್ಟ ಉಂಡ ಬಂದೀನಿ ಭಾಬಿ.”

ಮದಾರಸಾಬ ಉಸಿರು ಹಿಡಿದು ಎಲ್ಲ ಕಡೆ ನೋಡಿದ. ಯಾರಾದರೂ ಹಾರ್ನ್ ಬಾರಿಸಬಾರದೇ? ಇಂಜಿನ್ನಾದರೂ ಹೊಗೆಯಾಡಬಾರದೇ? ಮಜೀದ ಸ್ಟೇರಿಂಗ್ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ. ಲಾರಿ ತಣ್ಣಗೆ ನಿಂತಿತ್ತು.

“ನೀವು ಉಣ್ಣಲಿಲ್ಲಂದ್ರ ನಮ್ಮ ಮನಿಗೆ ಅವಮಾನ ಭಾಯಿ!” ಎಂದು ಅಮೀನಾಬೀ ಮೂರನೆಯ ಸಲ ಒತ್ತಾಯ ಮಾಡಿದಳು.

“ನೀವು ಬಿಡೂದಿಲ್ಲ ಬಿಡ್ರಿ” ಎಂದು ನಿಟ್ಟುಸಿರಿಟ್ಟು ದಸ್ತಗೀರಸಾಬ ಚಪ್ಪಲಿ ಕಳಚಿದ.