ಹನ್ನೆರಡು ಪುಸ್ತಕ, ನಾನು ಹಾರಿಸಿದ ಪುಟಗಳು

ತಿಂಗಳಿಗೊಂದು ಥರದ ಪುಸ್ತಕದಂತೆ ವರ್ಷಕ್ಕೆ ಹನ್ನೆರಡು ಓದಿ ಮುಗಿಸಬೇಕು ಅಂತ ನನಗೆ ಮೊದಲು ಹೇಳಿದ್ದು ನಮ್ಮ ಅತ್ತೆ. ಸವಾಲು ಗಿವಾಲು ಅನ್ನುವ ಮಾತು ಅವರ ಬಾಯಲ್ಲಿ ಬರಲಿಲ್ಲ, ಅದನ್ನು ಸೇರಿಸಿದವಳು ನಾನು. ನಮ್ಮ ಮನೆಯಲ್ಲಿ ಯಾರಾದರೂ ಸರಳವಾಗಿ ಏನನ್ನೋ ಕೇಳುವುದು, ನಾನು ಅದನ್ನು ಚೆಂದ ಮಾಡಲು ಹೋಗಿ ಕೆಡಿಸುವುದು, ಇದು ಇವತ್ತು ನಿನ್ನೆಯದಲ್ಲ. ಇಂಥವು ನಡೆಯುತ್ತಲೇ ಇರುತ್ತವೆ.

ಅತ್ತೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಒಂದು ಡಿಸೆಂಬರ್‌ನಲ್ಲಿ ಕಣ್ಣಿನ ಡಾಕ್ಟರು, "ಅಮ್ಮಾ, ನಡುವಿನ ದೃಷ್ಟಿ ಹೋಗ್ತಾ ಇದೆ. ಅಂಚಿಂದು ಉಳಿಯುತ್ತೆ. ಆದ್ರೆ ಓದೋದು ಇನ್ಮೇಲೆ ಕಷ್ಟ" ಅಂದರು. ಆಟೋದಲ್ಲಿ ವಾಪಸು ಬರುವಾಗ ಅತ್ತೆ, "ಅಂಚಲ್ಲಿ ಏನಿರುತ್ತೆ, ಪುಟದ ನಂಬರು ತಾನೆ?" ಅಂದರು. ಜೆ.ಪಿ. ನಗರದ ಮನೆಯ ಮುಂದೆ ಇಳಿಯುವಾಗ ಹೇಳಿದರು: "ನೋಡೇ, ಒಂದೇ ಒಂದು ವರ್ಷ ನೀನು ನನಗೆ ಓದಿ ಹೇಳು. ಒಂದೊಂದು ತಿಂಗಳು ಒಂದೊಂದು ಥರದ್ದು. ಪೂರ್ತಿ ಓದ್ಬೇಕು. ಆಮೇಲೆ ಕೇಳಲ್ಲ."

"ಅಷ್ಟೇ ತಾನೆ ಅತ್ತೆ?" ಅಂದೆ. ಆ "ಅಷ್ಟೇ ತಾನೆ" ಈಗಲೂ ಚುಚ್ಚುತ್ತದೆ.

ಜನವರಿ ಮುಗಿದ ಬಗೆ

ನಾನು ಬನಶಂಕರಿಯ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವವಳು. ನಮೂನೆ, ಕಾಲಂ, ಟಿಕ್ ಮಾರ್ಕು ಇಲ್ಲದಿದ್ದರೆ ನನಗೆ ಉಸಿರಾಡುವುದೂ ಅನಧಿಕೃತ ಅನಿಸುತ್ತದೆ. ಹಾಗಾಗಿ ಮೊದಲು ವರ್ಗಗಳ ಪಟ್ಟಿ ಆಗಬೇಕು ಅಂದೆ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಸಲಹೆ ಕೇಳಿದೆ. ಚಿಕ್ಕಲಸಂದ್ರದಲ್ಲಿರುವ ನನ್ನ ಓರಗಿತ್ತಿ, "ಅತ್ತೆಗೆ ಅಧ್ಯಾತ್ಮ ಓದಿ, ವಯಸ್ಸಾಯ್ತಲ್ಲ" ಅಂತ ಬರೆದಳು. ಅದನ್ನು ಓದಿ ಹೇಳಿದಾಗ ಅತ್ತೆ, "ಅವಳಿಗೆ ಹೇಳು, ನನಗೆ ಹೋಗಿರೋದು ಕಣ್ಣು, ಪ್ರಾಣ ಅಲ್ಲ" ಅಂದರು. ನಮ್ಮ ಯಜಮಾನರು ಯುದ್ಧದ ಪುಸ್ತಕ ಇರಲಿ ಅಂದರು. "ಯುದ್ಧ ಬೇಕು ಅಂದ್ರೆ ಅಪಾರ್ಟ್‌ಮೆಂಟ್ ಮೀಟಿಂಗ್‌ಗೆ ಹೋಗ್ತೀನಿ ಬಿಡೋ" ಅಂದರು ಅತ್ತೆ.

ಪ್ರವಾಸ, ಪತ್ತೇದಾರಿ, ಅಡುಗೆ, ಸಾಮಾಜಿಕ ಕಾದಂಬರಿ, ನಾಟಕ, ಆತ್ಮಕಥೆ ಅಂತ ಹನ್ನೆರಡನ್ನು ಇಳಿಸಿ, ಒಂದೊಂದಕ್ಕೆ ಒಂದೊಂದು ಬಣ್ಣ ಹಾಕಿ, ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ ಫ್ರಿಜ್ ಮೇಲೆ ಅಂಟಿಸುವಷ್ಟರಲ್ಲಿ ಗಣರಾಜ್ಯೋತ್ಸವ ಕಳೆದಿತ್ತು. ಒಂದು ಪುಟವೂ ಓದಿರಲಿಲ್ಲ. ಅತ್ತೆ ಪಟ್ಟಿಯ ಮೇಲೆ ಬೆರಳಾಡಿಸಿ, "ನುಣ್ಣಗಿದೆ. ಇದನ್ನೇ ಒಂದು ಸಲ ಜೋರಾಗಿ ಓದು. ಜನವರಿದು ಆಯ್ತು ಅಂತ ಬರ್ಕೋ" ಅಂದರು.

ನಾಚಿಕೆಗೇಡು ಏನಂದರೆ, ನಾನು ಬರೆದುಕೊಂಡೆ.

ಹಿಮಾಲಯದಲ್ಲಿ ಇಲ್ಲದ್ದು

ಪುಸ್ತಕ ತರುವುದು ಜಯನಗರದ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ. ಒಂದೇ ಕೋಣೆ, ಒಳಗೆ ಹೋದವರು ತಿರುಗಿ ಬರಲಾಗದೆ ಹಿಂದಕ್ಕೇ ನಡೆದು ಬರುವಷ್ಟು ಇಕ್ಕಟ್ಟು. ಅದರ ಅಂಕಲ್‌ಗೆ ನಾನು ತಿಂಗಳ ವರ್ಗ ಹೇಳಿದರೆ ಸಾಕು, ಅವರೇ ಒಂದನ್ನು ಎತ್ತಿ ಕೊಡುತ್ತಿದ್ದರು.

ಫೆಬ್ರವರಿಯಲ್ಲಿ ಪ್ರವಾಸ. ಲೇಖಕರು ಹಿಮಾಲಯ ಹತ್ತುತ್ತಿದ್ದರು. ದಿನವೂ ಸಂಜೆ ಆಫೀಸಿನಿಂದ ಬಂದು, ಕಾಫಿ ಕುಡಿದು, ಅರ್ಧ ಗಂಟೆ ಓದುವುದು. ಪಕ್ಕದ ಫ್ಲಾಟಿನ ಆಂಟಿಯೂ ಬಂದು ಕೂರಲು ಶುರು ಮಾಡಿದರು. ಹತ್ತು ಸಾವಿರ ಅಡಿ ತಲುಪಿದಾಗ ಅತ್ತೆ ಕೇಳಿದರು, "ಅಲ್ಲಿ ಬಾತ್‌ರೂಮ್ ಇತ್ತಂತಾ?"

"ಬರೆದಿಲ್ಲ ಅತ್ತೆ."

ಹನ್ನೆರಡು ಸಾವಿರ ಅಡಿಯಲ್ಲಿ ಮತ್ತೆ ಅದೇ. ಹದಿನೈದು ಸಾವಿರದಲ್ಲಿ ಆಂಟಿಯೂ ದನಿಗೂಡಿಸಿದರು, "ಇಷ್ಟು ದಿನ ಪಾಪ ಹೇಗಿದ್ದಾರೋ!" ಮುಂದೆ ಎರಡು ಪುಟ ಸೂರ್ಯೋದಯದ ವರ್ಣನೆ ಬಂತು. ನನಗೆ ಕುಕ್ಕರ್ ಇಡಬೇಕಿತ್ತು. ಮೊದಲ ಸಲ ಎರಡು ಪುಟ ಒಟ್ಟಿಗೆ ಮಗುಚಿದೆ. ಬಂಗಾರದ ಶಿಖರಗಳೆಲ್ಲ ಹೋಗಿ ಲೇಖಕರು ನೇರವಾಗಿ ಬೆಟ್ಟ ಇಳಿದು ಓಡತೊಡಗಿದರು.

ಅತ್ತೆ, "ಅಷ್ಟು ಅವಸರವಾಗಿ ಇಳಿದ್ರು ಅಂದ್ರೆ ಗೊತ್ತಾಯ್ತು ಬಿಡು, ಬಾತ್‌ರೂಮ್ ಇರಲಿಲ್ಲ" ಅಂದರು.

ತಡವಾಗಿ ಬಂದ ಕೊಲೆಗಾರ

ಒಮ್ಮೆ ಹಾರಿಸಿದ ಮೇಲೆ ಬೆರಳಿಗೆ ರುಚಿ ಹತ್ತುತ್ತದೆ. ಮಾರ್ಚ್‌ನಲ್ಲಿ ಪತ್ತೇದಾರಿ ಕಾದಂಬರಿ. ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ, ತಿಂಗಳು ಮುಗಿಯಲು ಮೂರು ದಿನ, ಓದಬೇಕಾದ್ದು ಇನ್ನೂ ಒಂಬತ್ತು ಅಧ್ಯಾಯ. ಫ್ರಿಜ್ ಮೇಲಿನ ಮಾರ್ಚ್‌ನ ಕೆಂಪು ಕಾಲಂ ಟಿಕ್ ಇಲ್ಲದೆ ನನ್ನನ್ನೇ ನೋಡುತ್ತಿತ್ತು. ಏಳರಿಂದ ಹದಿನಾಲ್ಕನೇ ಅಧ್ಯಾಯದವರೆಗೆ ಒಂದೇ ಹಿಡಿಯಲ್ಲಿ ಮಗುಚಿ ಕೊನೆಯದನ್ನು ಓದಿಬಿಟ್ಟೆ. ಕೊಲೆ ಮಾಡಿದವನು ಡಾಕ್ಟರ್.

ಪಕ್ಕದ ಆಂಟಿ ಎದ್ದು ಕೂತರು. "ಯಾವ ಡಾಕ್ಟರ್? ಇಷ್ಟು ದಿನ ಕಥೇಲಿ ಡಾಕ್ಟರೇ ಇರಲಿಲ್ಲ!"

"ಈಗ್ತಾನೆ ಬಂದಿದ್ದಾನೆ ಆಂಟಿ."

"ಅವಳು ಸತ್ತು ನಾಲ್ಕು ದಿನ ಆಯ್ತಲ್ಲಾ? ಈಗ ಬಂದೋನು ಆಗ ಹೇಗೆ ಕೊಂದ?"

ಅತ್ತೆಯೇ ಕಾಪಾಡಿದರು. "ಬಿಡ್ರೀ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕೊಂಡಿರ್ತಾನೆ. ಕೊಲೆ ಟೈಮಿಗೆ ಸರಿಯಾಗಿ ಆಗಿದೆ, ಅವನು ಬರೋದು ತಡವಾಗಿದೆ."

ಗೊಜ್ಜು

ಅಡುಗೆ ಪುಸ್ತಕದಲ್ಲಿ ಹಾರಿಸಲು ಏನಿದೆ ಅಂತೀರಾ? ಇದೆ. ಮೇ ತಿಂಗಳು, ಹಾಗಲಕಾಯಿ ಗೊಜ್ಜು. ಒಂದು ಸಾಲು ಬಿಟ್ಟೆ. ಬೇಕೆಂದು ಬಿಟ್ಟದ್ದಲ್ಲ, ಕಣ್ಣು ಅಷ್ಟರಲ್ಲಿ ತಾನಾಗಿಯೇ ಹಾರುವುದನ್ನು ಕಲಿತಿತ್ತು. ಆ ಸಾಲಿನಲ್ಲಿ ಹುಣಸೇಹಣ್ಣೂ ಬೆಲ್ಲವೂ ಇದ್ದವು.

ಮರುದಿನ ಪಕ್ಕದ ಆಂಟಿ ಓದಿದ್ದನ್ನು ಕೇಳಿದ ಹಾಗೇ ಮಾಡಿ ದೊಡ್ಡ ಬಟ್ಟಲಿನ ತುಂಬ ಕಳಿಸಿದರು. ಯಜಮಾನರು ಒಂದು ತುತ್ತು ಬಾಯಿಗಿಟ್ಟು, ಆಫೀಸಿನಿಂದ ಕರೆ ಬಂತು ಅಂತ ಬಾಲ್ಕನಿಗೆ ಹೋದವರು ಒಳಗೆ ಬರಲೇ ಇಲ್ಲ. ಫೋನು ಟೇಬಲ್ ಮೇಲೇ ಇತ್ತು. ಅತ್ತೆ ಬಟ್ಟಲನ್ನು ತಡವಿ ಹಿಡಿದು, ಪೂರ್ತಿ ನನ್ನ ತಟ್ಟೆಗೆ ಬಗ್ಗಿಸಿದರು. "ನೀನೇ ತಿನ್ನು. ಓದಿ ಓದಿ ದಣಿದಿರೋಳು ನೀನು ತಾನೆ."

ಅನುಬಂಧ

ಆಗಸ್ಟ್ ಹೊತ್ತಿಗೆ ಅತ್ತೆಗೆ ಗೋಡೆ ಗಡಿಯಾರದ ಮುಳ್ಳು ಕಾಣದಾಯಿತು. ನವರಾತ್ರಿಯಲ್ಲಿ ಬಾಗಿಲಿಗೆ ಬಂದವರನ್ನು ಚಪ್ಪಲಿ ಸದ್ದಿನಿಂದ ಗುರುತು ಹಿಡಿಯುತ್ತಿದ್ದರು. ನಾನು ಓದುವಾಗ ಹತ್ತಿರ ಕೂತು, ಪುಸ್ತಕದ ಬಲಭಾಗವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಇನ್ನೆಷ್ಟು ಉಳಿದಿದೆ ಅಂತ ಅಳೆಯುವುದು ಅಭ್ಯಾಸವಾಯಿತು.

ಒಂದು ಸಂಜೆ ನಾನು ಸಾಮಾಜಿಕ ಕಾದಂಬರಿಯ ನಾಯಕ ನಾಯಕಿಗೆ ನಾನೇ ಮದುವೆ ಮಾಡಿಸಿ, "ಮುಗೀತು ಅತ್ತೆ" ಅಂದೆ. ಮನೆಗೆ ಪ್ಲಂಬರ್ ಬಂದಿದ್ದ, ನನಗೆ ಅವಸರ. ಅತ್ತೆ ಬೆರಳಿನಿಂದ ಅಳೆದರು. "ಇನ್ನೂ ಇಷ್ಟು ದಪ್ಪ ಇದೆ?"

"ಅದು ಅನುಬಂಧ."

"ಕಾದಂಬರಿಗೆ ಅನುಬಂಧನಾ?"

"ಈಗೆಲ್ಲ ಹಾಕ್ತಾರೆ ಅತ್ತೆ."

"ಓಹೋ. ಮದುವೆ ಆದ್ಮೇಲೆ ನಡೆಯೋದಕ್ಕೆಲ್ಲ ಈಗ ಅನುಬಂಧ ಅಂತಾರೆ ಅನ್ನು" ಅಂದರು. ಪುಸ್ತಕ ಮುಚ್ಚಿ, ಸ್ವಲ್ಪ ಹೊತ್ತು ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಆಗ ನನಗೆ ನಗು ಬಂದಿತ್ತು. ಈಗ ನೆನೆದರೆ ಆ ಸ್ವಲ್ಪ ಹೊತ್ತೇ ಕಣ್ಣಿಗೆ ಕಟ್ಟುತ್ತದೆ.

ಸೇತುವೆ ಕಟ್ಟಿದವರ ಹೆಂಡತಿ

ಡಿಸೆಂಬರ್. ಕೊನೆಯ ವರ್ಗ ಆತ್ಮಕಥೆ. ಬರೆದವರು ಜೀವನವಿಡೀ ಸೇತುವೆ ಕಟ್ಟಿದ ಒಬ್ಬ ಇಂಜಿನಿಯರ್. ಯಾವ ಹೊಳೆಗೆ ಎಷ್ಟು ಕಂಬ, ಯಾವ ಊರಿನಲ್ಲಿ ಎಷ್ಟು ಹಾರ, ಎಲ್ಲ ಇದೆ. ನಲವತ್ತನೇ ಪುಟದಲ್ಲಿ ಮದುವೆಯಾಗುತ್ತಾರೆ. ನೂರಾ ಮೂವತ್ತರವರೆಗೆ ಹೆಂಡತಿಯ ಸುದ್ದಿಯಿಲ್ಲ.

"ಆ ಹುಡುಗಿ ಎಲ್ಲಿ?" ಅಂತ ಅತ್ತೆ ದಿನಾ ಕೇಳುವರು.

"ಅಡುಗೆಮನೇಲಿರ್ಬೇಕು ಅತ್ತೆ."

"ತೊಂಬತ್ತು ಪುಟದಿಂದಾನಾ?"

ಕಾಲೇಜಿಗೆ ತಪಾಸಣೆಯವರು ಬರುವ ವಾರ ಅದು. ಮೂರನೇ ಸೇತುವೆಗೆ ನಾನು ಸೋತು, ನೂರಾ ಎಂಬತ್ತರಿಂದ ಒಂದು ಕಂತೆ ಮಗುಚಿ ಇನ್ನೂರ ಹದಿನೈದಕ್ಕೆ ಇಳಿದೆ. ಓದಿದೆ: ನನ್ನ ಎರಡನೆಯ ಮದುವೆ ಸರಳವಾಗಿ ನೆರವೇರಿತು.

"ಎರಡನೇದಾ?" ಅಂದರು ಪಕ್ಕದ ಆಂಟಿ. "ಮೊದಲನೆಯವಳು?"

"ತವರಿಗೆ ಹೋಗಿದ್ದಾಳೆ" ಅಂತ ನಾಲಿಗೆಯ ತುದಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಯಾವಾಗ ಹೋದ್ಲು? ನೀನು ಓದಲೇ ಇಲ್ಲ" ಅಂದರು ಅತ್ತೆ.

"ನಿನ್ನೆ ಓದಿದ್ನಲ್ಲ ಅತ್ತೆ. ನೀವು ತೂಕಡಿಸ್ತಾ ಇದ್ರಿ."

ಕಣ್ಣು ಕಾಣದವರ ಮೇಲೆ ತೂಕಡಿಕೆಯನ್ನು ಹೊರಿಸಿದವಳು ನಾನು. ಆಂಟಿ ಆ ಇಂಜಿನಿಯರ್ ಮೇಲೆ ಕೆಂಡವಾದರು. "ಸೇತುವೆ ಕಟ್ಟೋಕೆ ಐದು ವರ್ಷ ಬೇಕಂತೆ, ಹೆಂಡ್ತಿ ತವರಿಗೆ ಹೋಗಿ ಬರೋಷ್ಟರಲ್ಲಿ ಇನ್ನೊಂದು ಮದ್ವೆ ಮುಗಿಸ್ತಾನಂತೆ! ಇಂಥೋನಿಗೆ ಹಾರ ಬೇರೆ!"

ಆಂಟಿ ಬೆಳಿಗ್ಗೆ ಪುಟ್ಟೇನಹಳ್ಳಿ ಕೆರೆ ಸುತ್ತ ನಡೆಯುವವರು. ಮರುದಿನ ಒಂದು ಸುತ್ತು ಮುಗಿಯುವಷ್ಟರಲ್ಲಿ ಸುದ್ದಿ ಎಲ್ಲರಿಗೂ ಮುಟ್ಟಿತು. ಆ ಸಂಜೆ ಬಾಗಿಲು ತೆಗೆದರೆ ಆಂಟಿಯ ಹಿಂದೆ, ವಾಕಿಂಗ್ ಶೂ ಬಿಚ್ಚುತ್ತಾ, ಇನ್ನೂ ಮೂವರು ಹೆಂಗಸರು. ಅವರಲ್ಲೊಬ್ಬರು ನಿವೃತ್ತ ವಕೀಲರು. ಕೂರುವ ಮುಂಚೆಯೇ, "ಮೊದಲನೆಯವರು ಕೇಸ್ ಹಾಕಿದ್ರಾ ಇಲ್ವಾ? ಹಾಕಿಲ್ಲ ಅಂದ್ರೆ ಯಾಕೆ ಹಾಕಿಲ್ಲ?" ಅಂದರು. "ವಿಳಾಸ ಕೊಟ್ಟಿದ್ದಾರಾ ಪುಸ್ತಕದಲ್ಲಿ?" ಅಂದರು ಇನ್ನೊಬ್ಬರು.

"ಇನ್ನೂ... ಅಲ್ಲೀತನಕ ಓದಿಲ್ಲ" ಅಂದೆ.

ಅತ್ತೆ ಸೆರಗನ್ನು ಬಾಯಿಗಿಟ್ಟುಕೊಂಡಿದ್ದರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡ ವಕೀಲರು, "ಪಾಪ, ಅಮ್ಮನಿಗೆ ಬೇಜಾರಾಗಿದೆ, ನಾಳೆ ಬರೋಣ" ಅಂತ ಎಲ್ಲರನ್ನೂ ಎಬ್ಬಿಸಿಕೊಂಡು ಹೋದರು. ಬಾಗಿಲು ಹಾಕಿದ ಮೇಲೆ ಅತ್ತೆ ನಕ್ಕದ್ದು ಕೆಳಗಿನ ಮಹಡಿಗೂ ಕೇಳಿರಬೇಕು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು ಹೇಳಿದರು:

"ಇನ್ನೂರ ಮೂರನೇ ಪುಟ ತೆಗಿ. ಬಲಗಡೆ. ಮೇಲಿಂದ ನಾಲ್ಕನೇ ಸಾಲು."

ತೆಗೆದೆ. ಆ ಸಾಲಿನಲ್ಲಿ ಅವಳು ತೀರಿಕೊಂಡಿದ್ದಳು.

"ನೀವು ಇದನ್ನ ಮುಂಚೆ ಓದಿದ್ದೀರಾ ಅತ್ತೆ?"

"ಆರೋ ಏಳೋ ಸಲ. ನೀನು ತಂದ ಅಷ್ಟೂ ಪುಸ್ತಕ ಓದಿದ್ದೀನಿ. ಪ್ರತಿ ತಿಂಗಳೂ ಲೈಬ್ರರಿಯವರಿಗೆ ನಾನೇ ಫೋನ್ ಮಾಡಿ, ಇಂಥದ್ದು ಎತ್ತಿಡಿ, ಸೊಸೆ ಬರ್ತಾಳೆ ಅಂತಿದ್ದೆ. ಹೊಸ ಊರು ನೋಡೋ ಆಸೆ ಇಲ್ಲ ಕಣೇ. ಹಳೇ ಊರುಗಳಿಗೇ ಒಂದೊಂದು ಸಲ ಹೋಗಿ ಬರೋಣ ಅಂತ ಇತ್ತು."

ಸೂರ್ಯೋದಯ, ಎಂಟು ಅಧ್ಯಾಯ, ಹುಣಸೇಹಣ್ಣು, ಅನುಬಂಧ, ಎಲ್ಲವೂ ಗೊತ್ತಿತ್ತು ಅಂದಾಯಿತು. "ಮೊದಲನೇ ಸಲ ಹಾರಿಸಿದಾಗಲೇ ಯಾಕೆ ಹೇಳಲಿಲ್ಲ?" ಅಂದೆ.

"ಹೇಳಿದ್ರೆ ನಿನಗೆ ನಾಚಿಕೆ ಆಗಿ, ಓದೋದೇ ಬಿಡ್ತಿದ್ದೆ. ದಿನಾ ಅರ್ಧ ಗಂಟೆ ಪಕ್ಕದಲ್ಲಿ ಕೂತ್ಕೋತಿದ್ಯಲ್ಲ, ಅದೂ ಹೋಗ್ತಿತ್ತು."

ನಿಂತುಕೊಂಡೇ ಆ ಸಾಲಿನಿಂದ ಮುಂದೆ ಅವಳ ಬಗ್ಗೆ ಇದ್ದ ಎರಡೂವರೆ ಪುಟ ಮನಸ್ಸಿನಲ್ಲಿ ಓದಿಕೊಂಡೆ. ಮುನ್ನೂರು ಪುಟ ಜಂಬ ಕೊಚ್ಚಿಕೊಂಡ ಮನುಷ್ಯ ಅಲ್ಲಿ ಮಾತ್ರ ತಾನು ಏನೇನು ನೋಡದೆ ಹೋದೆ ಅಂತ ಬರೆದಿದ್ದ. ಅವಳು ಕಾಫಿಗೆ ಸಕ್ಕರೆ ಹಾಕಿಕೊಳ್ಳುತ್ತಿದ್ದಳೋ ಇಲ್ಲವೋ ಅನ್ನುವುದೂ ತನಗೆ ಗೊತ್ತಿರಲಿಲ್ಲ ಅಂತ ಬರೆದಿದ್ದ. ಅಷ್ಟಕ್ಕೋಸ್ಕರವೇ ಅತ್ತೆ ಈ ಪುಸ್ತಕವನ್ನು ಕೊನೆಗೆ ಅಂತ ಇಟ್ಟುಕೊಂಡಿದ್ದರು. ನಾನು ಹಾರಿಸಿದ್ದೂ ಅದನ್ನೇ.

"ಈಗ ಓದ್ಲಾ ಅತ್ತೆ? ಒಂದಕ್ಷರ ಬಿಡದೆ ಓದ್ತೀನಿ" ಅಂದೆ.

ಅತ್ತೆ ನನ್ನ ಕೈಯಿಂದ ಪುಸ್ತಕವನ್ನು ತಡವಿ ತೆಗೆದುಕೊಂಡು ಮುಚ್ಚಿದರು.

"ಬೇಡ ಬಿಡು. ಓದಿದಾಗಲೆಲ್ಲ ಸಾಯ್ತಿದ್ಲು ಆ ಹುಡುಗಿ. ಆರೇಳು ಸಲದಲ್ಲಿ ಇದೇ ಮೊದಲು ತವರಿಗೆ ಹೋಗಿದ್ದಾಳೆ. ನಾಲ್ಕು ದಿನ ಹಾಯಾಗಿದ್ದು ಬರ್ಲಿ. ವಕೀಲರು ಬೇರೆ ಸಿಕ್ಕಿದ್ದಾರೆ."

ಇದನ್ನು ಓದಿದ ನೀವು ಇನ್ನೊಬ್ಬರಿಗೂ ಹೇಳಿ, ದಯವಿಟ್ಟು. ಸಮಯವಿಲ್ಲದಿದ್ದರೆ ನನ್ನ ಪಟ್ಟಿ, ಬಣ್ಣ, ಲ್ಯಾಮಿನೇಷನ್ ಎಲ್ಲ ಬೇಕಾದರೆ ಹಾರಿಸಿಕೊಳ್ಳಿ. ನಮ್ಮ ಅತ್ತೆ ಆಡಿದ ಮಾತನ್ನು ಮಾತ್ರ ಒಂದೂ ಬಿಡದೆ ಹೇಳಿ.