ಬೀರು ಸಾಹುಕಾರರ ಕಣ್ಣಾಮುಚ್ಚಾಲೆ

“ಮಕ್ಕಳನ್ನ ನನಗೆ ಬಿಡು! ಭಾಷೆ ಬೇಕಾಗೋದು ವ್ಯಾಪಾರಕ್ಕೆ. ಆಟಕ್ಕೆ ಯಾತಕ್ಕೆ ಭಾಷೆ? ಒಂದು ಗಂಟೆ ಏನು, ಒಂದು ವರ್ಷ ಬೇಕಾದ್ರೂ ಆಡಿಸ್ತೀನಿ!”

ಬೀರು ಸಾಹುಕಾರರು ಎದೆಯುಬ್ಬಿಸಿ ಹೀಗೆಂದಾಗ ಅವರ ಹೆಂಡತಿ ಅಂಗಡಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದರು. ಮೇಲಿನ ಮಹಡಿಯಲ್ಲಿ, ಊಟದ ಮೇಜುಗಳ ನಡುವೆ, ಆ ದಿನದ ಭಾರಿ ಗಿರಾಕಿಗಳು ಕಾಯುತ್ತಿದ್ದರು. ಎಲ್ಲೋ ದೂರದೇಶದಿಂದ ಬಂದು ಹೊಸದಾಗಿ ವಸತಿಗೃಹ ತೆರೆಯಲು ಹೊರಟ ದೊಡ್ಡ ಕುಟುಂಬ ಅದು. ಅವರ ಮಾತು ಇವರಿಗೆ ತಿಳಿಯದು, ಇವರ ಮಾತು ಅವರಿಗೆ ತಿಳಿಯದು. ನಡುವೆ ಸೇತುವೆಯಂತೆ ಒಬ್ಬನೇ ಒಬ್ಬ ದುಭಾಷಿಯಿದ್ದ. ಅವನೂ ಮೇಲೆ ಹೋಗಿಯಾಗಿತ್ತು. ಕೆಳಗೆ ಉಳಿದದ್ದು ಆ ಕುಟುಂಬದ ಮಕ್ಕಳು. ಹೊಸ ಸೋಫಾಗಳ ಮೇಲೆ ಆಗಲೇ ಅವರ ಕುಣಿತ ಶುರುವಾಗಿತ್ತು.

“ಆಡಿಸೋದು ಬೇಡ ರೀ, ಕಾಯ್ದರೆ ಸಾಕು,” ಎಂದರು ಹೆಂಡತಿ. “ಇಡೀ ವಸತಿಗೃಹದ ಮಂಚ, ಬೀರು, ಮೇಜು ಎಲ್ಲ ನಮ್ಮಲ್ಲೇ ತಗೋಳೋ ಹಾಗಿದಾರೆ. ಮಕ್ಕಳು ಅಂದ್ರೆ ಅವರಿಗೆ ಪ್ರಾಣ. ಒಂದು ಮಗು ಮುಖ ಸಣ್ಣ ಮಾಡಿದ್ರೂ ಎದ್ದು ಹೋಗ್ಬಿಡ್ತಾರೆ.”

“ನಾನು ಸೋತಿದ್ದು ಯಾವತ್ತಾದ್ರೂ ನೋಡಿದೀಯಾ?”

“ಸೋತಿದ್ದು ಬೇಕಾದಷ್ಟು ಸಲ ನೋಡಿದೀನಿ. ಒಪ್ಪಿಕೊಂಡಿದ್ದು ನೋಡಿಲ್ಲ!” ಎಂದು ಅವರು ಮೇಲೆ ಹೋದರು.

ಆ ಮಾತು ಸುಳ್ಳಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಇವರಿಗಿಂತ ಮೊದಲೇ ಹುಟ್ಟಿತ್ತು ಎಂದರೆ ನಂಬುವುದು ಕಷ್ಟ. ಮೀಸೆಯೂ ಹಾಗೇ ಇತ್ತು, ದಪ್ಪಗೆ, ಎರಡೂ ಬದಿಗೆ ತಿರುವಿ ನಿಲ್ಲಿಸಿದ್ದು. ಊರಿಗೆಲ್ಲ ಬೀರು ಮಾಡಿಕೊಟ್ಟ ಈ ಮಹಾಶಯರು ಸ್ವಂತ ಅಡಿಗೆಮನೆಯ ಗೋಡೆಗೆ ಹೊಡೆದ ಹಲಗೆ ಎಡಕ್ಕೆ ವಾಲಿತ್ತು! ಅದರ ಮೇಲಿಟ್ಟ ಡಬ್ಬಿಗಳೆಲ್ಲ ಮೆಲ್ಲಮೆಲ್ಲಗೆ ಜಾರಿ ಎಡಮೂಲೆಯಲ್ಲಿ ಸಭೆ ಸೇರುತ್ತಿದ್ದವು. ಹೆಂಡತಿ ಅದನ್ನು ತೋರಿಸಿದಾಗಲೆಲ್ಲ ಸಾಹುಕಾರರ ಉತ್ತರ ಒಂದೇ: “ಹಲಗೆ ನೆಟ್ಟಗಿದೆ. ಮನೆ ನೆಲವೇ ವಾರೆ! ನನ್ನ ರಸಮಟ್ಟ ಎಲ್ಲೋ ಕಳೆದುಹೋಗಿದೆ, ಇಲ್ಲದಿದ್ರೆ ಈಗಲೇ ಇಟ್ಟು ತೋರಿಸ್ತಿದ್ದೆ.” ಗಾಜಿನ ನಳಿಗೆಯೊಳಗೆ ಗುಳ್ಳೆ ಓಡಾಡುವ, ಮಟ್ಟ ನೋಡುವ ಆ ಉಪಕರಣ ಹಲಗೆ ಹೊಡೆದ ವಾರವೇ ಮಾಯವಾಗಿತ್ತು. ಅದನ್ನು ಹುಡುಕದ ಜಾಗವಿಲ್ಲ, ಬೈಯದ ಜನರಿಲ್ಲ.

ಇರಲಿ. ಸಾಹುಕಾರರು ಮಕ್ಕಳ ಮುಂದೆ ನಿಂತರು. ಕೈಗಳಿಂದ ಕಣ್ಣು ಮುಚ್ಚಿಕೊಂಡು ಗೋಡೆಗೆ ಮುಖ ಮಾಡಿ ತೋರಿಸಿದರು. ಮಕ್ಕಳು ಹೋ ಎಂದು ಕಿರುಚಿದರು! ಲೋಕದಲ್ಲಿ ಕಣ್ಣಾಮುಚ್ಚಾಲೆ ಗೊತ್ತಿಲ್ಲದ ಮಗು ಎಲ್ಲಿದೆ?

ಎರಡು ಜಡೆಯ ಹುಡುಗಿಯೊಬ್ಬಳು ಮುಂದೆ ಬಂದಳು. ಆ ಸೈನ್ಯಕ್ಕೆ ಅವಳೇ ಸೇನಾಪತಿ. ಅವಳು ತನ್ನ ಭಾಷೆಯಲ್ಲಿ ಪಟಪಟನೆ ಏನೋ ಹೇಳುತ್ತಾ ಕೈಸನ್ನೆಯಿಂದ ನಿಯಮ ವಿವರಿಸತೊಡಗಿದಳು. ಕಣ್ಣು ಮುಚ್ಚಿದಳು. ಓಡಿದಳು. ಸೋಫಾದ ಹಿಂದೆ ಅಡಗಿದಳು. ತಮ್ಮನನ್ನು ಹಿಡಿದೆಳೆದು, ಅವನು ಬಿಡಿಸಿಕೊಂಡು ಮತ್ತೆ ಅಡಗುವುದನ್ನು ತೋರಿಸಿದಳು. ಕೊನೆಗೆ ದೊಪ್ಪನೆ ನೆಲದ ಮೇಲೆ ಕುಳಿತು, ಎರಡೂ ಕೈ ತಲೆಯ ಮೇಲಿಟ್ಟು, ಅರ್ಥವಾಯಿತೇ ಎಂಬಂತೆ ಕಣ್ಣರಳಿಸಿ ನೋಡಿದಳು.

“ಗೊತ್ತು, ಗೊತ್ತು!” ಎಂದು ಸಾಹುಕಾರರು ತಲೆಯಾಡಿಸಿದರು. ಹೆಂಡತಿ ಮಾತು ಮುಗಿಸುವ ಮೊದಲೇ ಆಡಿ ಆಡಿ ಪಳಗಿದ ತಲೆ ಅದು!

ಗೋಡೆಗೆ ಮುಖ ಮಾಡಿ ಎಣಿಸಿದರು. ತಿರುಗಿದರು. ಅಂಗಡಿ ಖಾಲಿ.

ಸಾಹುಕಾರರ ಮುಖದಲ್ಲಿ ನಗು ಅರಳಿತು. ಸೋಫಾ ಹಿಂದೆ ಇಣುಕಿದರು, ಇಲ್ಲ. ಮಂಚದ ಕೆಳಗೆ ಬಗ್ಗಿದರು, ಇಲ್ಲ. ಆಗ ಅವರ ಕಣ್ಣು ಗೋಡೆಯುದ್ದಕ್ಕೂ ಸಾಲಾಗಿ ನಿಂತ ಬೀರುಗಳ ಮೇಲೆ ಬಿತ್ತು. ಅವುಗಳ ಮೇಲೆ ಅವರೇ ಬರೆಸಿ ತೂಗುಹಾಕಿದ ಫಲಕ: ‘ತೆಗೆದರೆ ಸದ್ದಿಲ್ಲ! ಮುಚ್ಚಿದರೆ ಸುಳಿವಿಲ್ಲ!’

ನಗು ಅರ್ಧಕ್ಕೆ ನಿಂತಿತು. ಮಕ್ಕಳು ಅಡಗಿಕೊಳ್ಳಲು ಈ ಭೂಮಿಯ ಮೇಲೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ! ಇದನ್ನು ಕಟ್ಟಿದವರು ಯಾರು? ತಾವೇ!

ಒಂದು ಬೀರು ತೆಗೆದರೆ ಪುಟ್ಟ ಹುಡುಗನೊಬ್ಬ ಸಿಕ್ಕ. “ಸಿಕ್ಕಿಬಿಟ್ಟೆ!” ಎಂದು ಎತ್ತಿ ಸೋಫಾದಲ್ಲಿ ಕೂರಿಸಿ, ಮುಂದಿನ ಬೀರು ತೆಗೆದರು. ಅಲ್ಲೊಂದು ಹುಡುಗಿ. ಅವಳನ್ನು ಕರೆತಂದು ಸೋಫಾ ನೋಡಿದರೆ ಹುಡುಗ ಇಲ್ಲ! ಅವನನ್ನು ಹುಡುಕಲು ತಿರುಗಿದರೆ ಹುಡುಗಿಯೂ ಇಲ್ಲ! ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗಿದ ಹಾಗಾಯಿತು. ಅದೂ ಸಾಲದೆಂಬಂತೆ, ಬೀರುಗಳಿಗೆ ಹಿಂಬದಿಯ ಹಲಗೆಯನ್ನು ಅವರು ಹೊಡೆಯುತ್ತಿದ್ದದ್ದು ಗಿರಾಕಿ ಒಪ್ಪಿದ ಮೇಲೆ. ಮುಂದಿನ ಕದ ತೆಗೆಯುವಷ್ಟರಲ್ಲಿ ಮಕ್ಕಳು ಹಿಂದಿನ ಸಂದಿಯಿಂದ ಪಕ್ಕದ ಬೀರುವಿಗೆ ದಾಟಿಬಿಡುತ್ತಿದ್ದರು.

“ಸರಿ, ಆಟ ಮುಗೀತು! ಬನ್ನಿ ಮಕ್ಕಳಾ!” ಎಂದು ಕೂಗಿದರು. ಯಾರೂ ಬರಲಿಲ್ಲ. ಚಪ್ಪಾಳೆ ತಟ್ಟಿದರು. ಕೈ ಬೀಸಿ ಕರೆದರು. ಬೀರುಗಳಿಗೆ ಕೈಸನ್ನೆ ಮಾಡಿದ ಮೊದಲ ಮನುಷ್ಯ ಅವರೇ ಇರಬೇಕು! ಬಿಸ್ಕತ್ತಿನ ಡಬ್ಬಿ ತಂದು ಗಲಗಲ ಅಲ್ಲಾಡಿಸಿದರು. ಒಂದು ಕದ ಸದ್ದಿಲ್ಲದೆ ತೆರೆಯಿತು, ಒಂದು ಪುಟ್ಟ ಕೈ ಹೊರಬಂತು, ಎರಡು ಬಿಸ್ಕತ್ತು ತೆಗೆದುಕೊಂಡಿತು, ಕದ ಸದ್ದಿಲ್ಲದೆ ಮುಚ್ಚಿತು. ಓಡಿಹೋಗಿ ತೆಗೆದರೆ ಒಳಗೆ ಬಿಸ್ಕತ್ತಿನ ಪುಡಿ ಮಾತ್ರ.

ಆಗ ಅವರಿಗೆ ಮೈಯೆಲ್ಲ ಬೆವರಿಳಿಯುವಂಥ ಒಂದು ಸತ್ಯ ಹೊಳೆಯಿತು. ಮಕ್ಕಳು ಎಷ್ಟು ಜನ? ಏಳೋ? ಎಂಟೋ? ಪ್ರತಿ ಬೀರುವಿನ ಒಂದೊಂದು ಮೊಳೆಯ ಲೆಕ್ಕ ಇಟ್ಟವರು ಮಕ್ಕಳ ತಲೆ ಎಣಿಸಿರಲಿಲ್ಲ!

“ರೀ!” ಮೆಟ್ಟಿಲ ಮೇಲಿಂದ ಹೆಂಡತಿಯ ದನಿ ಬಂತು. “ಮಕ್ಕಳು ಏನ್ ಮಾಡ್ತಿದಾರೆ? ಒಂದು ಸದ್ದೂ ಇಲ್ವಲ್ಲ?”

‘ದುಭಾಷಿಯನ್ನ ಒಂದು ನಿಮಿಷ ಕಳಿಸು’ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮಾತು ಗಂಟಲವರೆಗೆ ಬಂತು. ಮೀಸೆ ಬಿಡಲಿಲ್ಲ.

“ಸದ್ದು ಯಾಕೆ ಬರುತ್ತೆ? ನಾನು ಹೇಳಿದ್ದೇನೆ, ಸುಮ್ಮನೆ ಕೂತಿದಾರೆ!”

“ಅಬ್ಬಾ! ಇಲ್ಲಿ ಎಲ್ಲರಿಗೂ ಆಶ್ಚರ್ಯ. ಈ ಮಕ್ಕಳು ಇಷ್ಟು ಹೊತ್ತು ಸುಮ್ಮನಿದ್ದಿದ್ದೇ ಇಲ್ವಂತೆ. ಇನ್ನೇನು ಮುಗೀತು, ನೋಡೋಕೆ ಕೆಳಗೆ ಬರ್ತಿದಾರೆ!”

ಸಾಹುಕಾರರು ಹಿಂದಿನ ಕೋಣೆಯಲ್ಲಿ ಕುರ್ಚಿಗೆ ಬಣ್ಣ ಬಳಿಯುತ್ತಿದ್ದ ಪಾಲಿಶ್ ಅಜ್ಜನ ಬಳಿಗೆ ಓಡಿದರು. “ಅಜ್ಜಾ, ಕುಂಚ ಬಿಡು! ಮಕ್ಕಳು ಕಾಣ್ತಿಲ್ಲ. ನೀನು ಆ ಕಡೆಯಿಂದ ಹುಡುಕು, ನಾನು ಈ ಕಡೆಯಿಂದ ಹುಡುಕ್ತೀನಿ.”

“ಮಕ್ಕಳ ಆಟ ತಾನೇ ಸಾಹುಕಾರ್ರೇ, ಎಲ್ಲಿ ಹೋಗ್ತಾರೆ?” ಎನ್ನುತ್ತಾ ಅಜ್ಜ ಟಾರ್ಚು ಹಿಡಿದು ಹೊರಟ. ಸಾಹುಕಾರರು ಮಂಚಗಳ ಕೆಳಗೆ ಹೊಟ್ಟೆಯ ಮೇಲೆ ತೆವಳಿದರು. ಒಂದು ಕೊನೆಯಿಂದ ನುಗ್ಗಿ, ಮರದ ಹೊಟ್ಟು ಧೂಳುಗಳನ್ನೆಲ್ಲ ಗುಡಿಸಿಕೊಂಡು ಇನ್ನೊಂದು ಕೊನೆಯಲ್ಲಿ ಎದ್ದರು. “ಅಜ್ಜಾ, ಸಿಕ್ಕಿದ್ರಾ?”

ಉತ್ತರವಿಲ್ಲ. ಅಜ್ಜನೂ ಇಲ್ಲ!

ಹುಡುಕಲು ಹೋದವನೇ ಮಾಯ! ಸಾಹುಕಾರರು ಕಕ್ಕಾಬಿಕ್ಕಿಯಾಗಿ ನಿಂತಿರುವಾಗ ಹಿಂಬಾಗಿಲಿನ ಕಡೆ ಲಾರಿಯ ಇಂಜಿನ್ ಗುರ್ರೆಂದಿತು. ಅವರಿಗೆ ನೆನಪಾಯಿತು. ಹಿಂಬಾಗಿಲ ಬಳಿ ಬೇರೊಬ್ಬ ಗಿರಾಕಿಗೆ ಹೋಗಬೇಕಾದ ಎರಡು ಬೀರುಗಳು ನಿಂತಿದ್ದವು. ಹಮಾಲರು ಬಂದು ಹೇರಿಯೂ ಆಗಿತ್ತು. ಅವುಗಳ ಒಳಗೆ ಮಗುವಿದ್ದರೆ? ಅವಕ್ಕೆ ಹಿಂಬದಿ ಹಲಗೆಯನ್ನೂ ಹೊಡೆದಾಗಿತ್ತು!

“ಏಯ್! ನಿಲ್ಲಿಸ್ರೋ! ನಿಲ್ಲಿಸ್ರಪ್ಪೋ!”

ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ಮೈಯೆಲ್ಲ ಹೊಟ್ಟು. ಸಾಹುಕಾರರು ಬೀದಿಯಲ್ಲಿ ಲಾರಿಯ ಹಿಂದೆ ಓಡಿದರು. ಎದುರಂಗಡಿಯ ದರ್ಜಿ ಕತ್ತರಿ ಬಿಟ್ಟು ಓಡಿದ. ದರ್ಜಿ ಓಡಿದನೆಂದು ಕ್ಷೌರಿಕ ಓಡಿದ. ಕ್ಷೌರಿಕ ಓಡಿದನೆಂದು ಅರ್ಧ ಗಡ್ಡ ಹೋದ ಗಿರಾಕಿಯೂ ಓಡಿದ! ಯಾಕೆ ಓಡುತ್ತಿದ್ದೇವೆಂದು ಒಬ್ಬರಿಗೂ ಗೊತ್ತಿರಲಿಲ್ಲ, ಓಟಕ್ಕೆ ಮಾತ್ರ ಕಡಿಮೆಯಿರಲಿಲ್ಲ. ಬೀದಿಯ ತಿರುವಿನಲ್ಲಿ ಲಾರಿ ನಿಂತಿತು.

“ಇಳಿಸಿ! ಬೀರು ಇಳಿಸಿ!”

“ನಾವು ಆಗ್ಲೇ ಅಂದ್ವಿ ಸಾಹುಕಾರ್ರೇ,” ಎಂದ ಹಮಾಲರಲ್ಲಿ ಒಬ್ಬ, ಬೆವರೊರೆಸಿಕೊಳ್ಳುತ್ತಾ. “ಒಂದು ಬೀರು ಹೂವಿನ ಹಾಗಿತ್ತು, ಇನ್ನೊಂದು ಸೊಂಟ ಮುರೀತು.”

ಸಾಹುಕಾರರು ಭಾರದ ಬೀರುವಿನ ಕದ ತೆಗೆದರು. ಒಳಗೆ ಮೊಣಕಾಲಿಗೆ ಗಲ್ಲ ಊರಿ ಗೊರಕೆ ಹೊಡೆಯುತ್ತಾ ಕುಳಿತಿದ್ದ... ಪಾಲಿಶ್ ಅಜ್ಜ! ಬೆಳಕು ಬಿದ್ದದ್ದೇ ಕಣ್ಣುಬಿಟ್ಟು, ತುಟಿಯ ಮೇಲೆ ಬೆರಳಿಟ್ಟು, “ಶ್... ಸಾಹುಕಾರ್ರು ಬರ್ತಾರೆ!” ಎಂದ.

“ನಾನೇ ಸಾಹುಕಾರ ಕಣೋ! ನೀನ್ಯಾಕೆ ಇಲ್ಲಿ?”

“ಎರಡು ಜಡೆ ಹುಡುಗಿ ಕೈಹಿಡಿದು ಎಳೆದ್ಳು, ಒಳಗೆ ಕೂರಿಸಿದ್ಳು. ಮಗು ಮನಸ್ಸು ನೋಯಿಸಬಾರ್ದಲ್ಲ ಅಂತ ಕೂತೆ. ಬೆಚ್ಚಗಿತ್ತು, ಕತ್ತಲೂ ಇತ್ತು, ನಿದ್ದೆ ಬಂತು.”

“ಮಕ್ಕಳೆಲ್ಲಿ?”

“ಅದನ್ನ ಹೇಳಿದ್ರೆ ಆಟ ಹೇಗಾಗುತ್ತೆ?”

ಬೀದಿಯೆಲ್ಲ ಗೊಳ್ಳೆಂದಿತು. ಇನ್ನೊಂದು ಬೀರುವಿನೊಳಗೂ ಮಗುವಿರಲಿಲ್ಲ. ಸದ್ಯ! ಆದರೆ ಮಕ್ಕಳು ಅಲ್ಲಿಲ್ಲವೆಂದರೆ ಸಿಕ್ಕಂತಾಯಿತೇ? ಸಾಹುಕಾರರು ಅಂಗಡಿಗೆ ಮರಳಿ ಓಡಿದರು. ಒಳಗೆ ಸ್ಮಶಾನಮೌನ. ಮೇಲಿನ ಮಹಡಿಯಲ್ಲಿ ಕುರ್ಚಿಗಳು ಹಿಂದೆ ಸರಿದ ಸದ್ದು. ಮೆಟ್ಟಿಲ ಮೇಲೆ ಹೆಜ್ಜೆಗಳು. ಗಿರಾಕಿಗಳು ಇಳಿದು ಬರುತ್ತಿದ್ದರು. ಕರುಳಿನ ಕುಡಿಗಳನ್ನು ನಂಬಿ ಬಿಟ್ಟುಹೋದ ತಾಯಂದಿರಿಗೆ ಏನೆಂದು ಹೇಳುವುದು? ಯಾವ ಭಾಷೆಯಲ್ಲಿ ಹೇಳುವುದು? ವ್ಯಾಪಾರ ಮಣ್ಣುಪಾಲಾಗಲಿ, ಮಕ್ಕಳಿಗೆ ಏನಾದರೂ ಆಗಿದ್ದರೆ? ಕಣ್ಣಲ್ಲಿ ನೀರೇ ಬಂತು. ನಟ್ಟನಡುವೆ, ಮರದ ಹೊಟ್ಟಿನ ಮೇಲೆ, ದೊಪ್ಪನೆ ಕುಸಿದು ಎರಡೂ ಕೈ ತಲೆಯ ಮೇಲೆ ಹೊತ್ತು ಕುಳಿತುಬಿಟ್ಟರು.

“ಸೋತೆ ಕಣ್ರಪ್ಪಾ! ನಾನು ಸೋತೆ!”

ಮರುಕ್ಷಣವೇ ಸಾಲು ಬೀರುಗಳ ಕದಗಳೆಲ್ಲ ಒಟ್ಟಿಗೆ ತೆರೆದವು, ಒಂದಿಷ್ಟೂ ಸದ್ದಿಲ್ಲದೆ! ಸದ್ದೆಲ್ಲ ಒಳಗಿನಿಂದ ಬಂತು. ಓಹೋ ಎಂದು ಅರಚುತ್ತಾ ಮಕ್ಕಳು ಧುಮುಕಿದರು. ಒಬ್ಬ ಕುತ್ತಿಗೆಗೆ ಜೋತುಬಿದ್ದ, ಒಬ್ಬ ಬೆನ್ನೇರಿದ. ಎರಡು ಜಡೆಯ ಸೇನಾಪತಿ ಸಾಹುಕಾರರ ಸುತ್ತ ಕುಣಿದೇ ಕುಣಿದಳು. ಸಾಹುಕಾರರು ಅಳುತ್ತಲೇ ನಕ್ಕು, ಸಿಕ್ಕಿದವರನ್ನೆಲ್ಲ ಬಾಚಿ ತಬ್ಬಿಕೊಂಡರು. ಮೆಟ್ಟಿಲ ಮೇಲೆ ನಿಂತ ತಾಯಂದಿರು ಒಂದೊಂದೇ ತಲೆ ಎಣಿಸಿ ಮುಗುಳ್ನಕ್ಕರು. ಎಂಟು. ಎಲ್ಲರೂ ಇದ್ದರು!

ದುಭಾಷಿ, ಎರಡು ಜಡೆಯ ಹುಡುಗಿಯ ಮಾತು ಕೇಳಿ, ನಗುತ್ತಾ ಹೇಳಿದ: “ಇವರ ಕಡೆ ಹುಡುಕೋರು ಹೀಗೆ ತಲೆ ಮೇಲೆ ಕೈಯಿಟ್ಟು ಕೂತು ಸೋತೆ ಅಂತ ಒಪ್ಪಿಕೊಳ್ಳೋ ತನಕ ಯಾರೂ ಹೊರಗೆ ಬರಬಾರದಂತೆ. ಊಟಕ್ಕೆ ಕರೆದ್ರೂ ಬರಬಾರದಂತೆ. ಮೊದಲೇ ತೋರಿಸಿದ್ಲಂತೆ, ಅಂಕಲ್ ಗೊತ್ತು ಅಂತ ತಲೆಯಾಡಿಸಿದ್ರಂತೆ.”

“ಆಡಿಸಿರ್ತಾರೆ. ಆ ತಲೆ ನನಗೆ ಗೊತ್ತಿಲ್ವಾ!” ಎಂದರು ಹೆಂಡತಿ.

ಗಿರಾಕಿಗಳ ಕುಟುಂಬದ ಹಿರಿಯಜ್ಜಿ ಬೀರುವಿನ ಕದವನ್ನು ನಾಲ್ಕು ಸಲ ತೆಗೆದು ಮುಚ್ಚಿ, ಎಂಟು ಮಕ್ಕಳಿದ್ದೂ ಸದ್ದು ಬರದ ಬೀರು ಇದೇ ತಮಗೆ ಬೇಕು ಎಂದರು. ಹೀಗೆ ವ್ಯಾಪಾರವೇನೋ ಕುದುರಿತು. ಹೋಗುವಾಗ ಎರಡು ಜಡೆಯ ಹುಡುಗಿ ಬಾಗಿಲಲ್ಲಿ ತಿರುಗಿ, ತಲೆಯ ಮೇಲೆ ಎರಡೂ ಕೈಯಿಟ್ಟು ಸಾಹುಕಾರರಿಗೆ ಟಾಟಾ ಮಾಡಿದಳು.

ಸಂಜೆ ಮನೆಗೆ ಬಂದು ಸಾಹುಕಾರರು ಅಡಿಗೆಮನೆಯಲ್ಲಿ ನೀರು ಕುಡಿಯುತ್ತಿದ್ದರು. ಹೆಂಡತಿ ಸಕ್ಕರೆ ಡಬ್ಬಿಯನ್ನು ಹಲಗೆಯ ಮೇಲಿಟ್ಟರು. ಡಬ್ಬಿ ಮೆಲ್ಲಗೆ ಎಡಕ್ಕೆ ಹೊರಟಿತು. ಹೆಂಡತಿ ಡಬ್ಬಿಯನ್ನು ನೋಡಿದರು, ಗಂಡನನ್ನು ನೋಡಿದರು.

“ನೆಲ...” ಎಂದು ಅಭ್ಯಾಸಬಲದಿಂದ ಬಾಯಿ ತೆರೆದ ಸಾಹುಕಾರರು ಅಲ್ಲಿಗೇ ನಿಲ್ಲಿಸಿದರು. ಲೋಟ ಕೆಳಗಿಟ್ಟರು. ನೆಲದ ಮೇಲೆ ಕುಳಿತು ಎರಡೂ ಕೈ ತಲೆಯ ಮೇಲಿಟ್ಟರು.

ಹೆಂಡತಿ ಸ್ಟೂಲು ಎಳೆದು ಹತ್ತಿ, ಹಿಟ್ಟಿನ ಡಬ್ಬಿಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಹಿಟ್ಟು ಮೆತ್ತಿದ ಉದ್ದನೆಯ ವಸ್ತುವೊಂದನ್ನು ಹೊರಗೆಳೆದರು. ರಸಮಟ್ಟ!

ನೆಲದ ಮೇಲಿಟ್ಟರು, ಗುಳ್ಳೆ ನಟ್ಟನಡುವೆ ನಿಂತಿತು. ಹಲಗೆಯ ಮೇಲಿಟ್ಟರು, ಗುಳ್ಳೆ ಬಲತುದಿಗೆ ಓಡಿಹೋಯಿತು.

“ಇದು ಇಷ್ಟು ವರ್ಷ ನಿನ್ನ ಹತ್ರನೇ ಇತ್ತಾ?” ಸಾಹುಕಾರರು ಕುಳಿತಲ್ಲಿಂದಲೇ ಕೇಳಿದರು. “ಅವತ್ತೇ ಯಾಕೆ ತೋರಿಸ್ಲಿಲ್ಲ?”

“ಅವತ್ತು ತೋರಿಸಿದ್ರೆ ‘ರಸಮಟ್ಟಾನೇ ಸರಿಯಿಲ್ಲ’ ಅಂತ ಎಸೆದುಬಿಡ್ತಿದ್ರಿ. ಒಳ್ಳೆ ಸಾಮಾನು ದಂಡ ಆಗ್ತಿತ್ತು!” ಹೆಂಡತಿ ಸೆರಗಿನ ತುದಿಯನ್ನು ಅವರ ಮುಂದೆ ಚಾಚಿದರು. “ಅಲ್ಲದೆ, ಹುಡುಕೋರು ಸೋತೆ ಅನ್ನೋ ತನಕ ಹೊರಗೆ ಬರಬಾರದಂತಲ್ಲ ರೀ! ಏಳಿ, ಮೊದಲು ಮೀಸೆ ಒರೆಸ್ಕೊಳ್ಳಿ. ಮಧ್ಯಾಹ್ನದ ಹೊಟ್ಟು ಇನ್ನೂ ಅಲ್ಲೇ ಇದೆ.”